ವ್ಯಾಕ್ಯೂಮ್ ಗೇಜ್: ಹಳೆಯ ಕಾರಿನ ನಾಡಿ ಹಿಡಿಯುವ ಮುಳ್ಳು

ಹಳೆಯ ಕಾರು ಐಡಲಿಂಗ್‌ನಲ್ಲಿ (ಆಕ್ಸಿಲೇಟರ್ ಒತ್ತದಿರುವಾಗಿನ ನಿಧಾನ ಓಟದಲ್ಲಿ) ನಿಲ್ಲುತ್ತಿಲ್ಲ ಎಂದ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬೊರೇಟರ್‌ನ ಸ್ಕ್ರೂಗೆ. ನಾಲ್ಕಾರು ಕೈ ಬದಲಾಗಿ ಬಂದ ಕಾರಿನಲ್ಲಂತೂ ಆ ಸ್ಕ್ರೂವಿನ ತಲೆ ಸವೆದುಹೋಗಿರುತ್ತದೆ. ಹಿಂದಿನವರು ಎಷ್ಟು ಸಲ ತಿರುಗಿಸಿ ಸೋತಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತೊಂದರೆ ಇಗ್ನಿಷನ್ ಟೈಮಿಂಗ್‌ನಲ್ಲೋ (ಪ್ಲಗ್ ಕಿಡಿ ಹಾರಿಸುವ ಸಮಯದಲ್ಲೋ) ವಾಲ್ವ್‌ನಲ್ಲೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲೋ ಇದ್ದರೆ ಕಾರ್ಬೊರೇಟರನ್ನು ಎಷ್ಟು ಸಲ ಬಿಚ್ಚಿ ತೊಳೆದರೂ ಅಷ್ಟೇ. ಈ ವ್ಯರ್ಥ ಕೆಲಸವನ್ನು ತಪ್ಪಿಸುವ ಅಗ್ಗದ ಸಾಧನ ವ್ಯಾಕ್ಯೂಮ್ ಗೇಜ್. ಇಂಜಿನ್ ಗಾಳಿ ಎಳೆಯುವಾಗ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆಯಲ್ಲಿ) ಉಂಟಾಗುವ ವ್ಯಾಕ್ಯೂಮ್ ಎಷ್ಟೆಂದು ಇದು ಅಳೆಯುತ್ತದೆ. ಇಲ್ಲಿ ಪರಿಶೀಲಿಸುತ್ತಿರುವುದು ವ್ಯಾಕ್ಯೂಮ್ ಮತ್ತು ಪೆಟ್ರೋಲ್ ಪಂಪ್ ಪ್ರೆಶರ್ ಎರಡನ್ನೂ ತೋರಿಸುವ, ಡಬ್ಬಿಯಲ್ಲಿ ಕಿಟ್ ಆಗಿ ಬರುವ ಸಾಮಾನ್ಯ ಡಯಲ್ ಗೇಜ್. ಹಲವು ಹೆಸರುಗಳಲ್ಲಿ ಸಿಕ್ಕರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಸುಮಾರು 90 ಮಿ.ಮೀ. ಅಗಲದ ಡಯಲ್, ಒಂದು ಮೀಟರ್ ಆಸುಪಾಸಿನ ರಬ್ಬರ್ ಹೋಸ್, ಒಂದೆರಡು ಪ್ಲಾಸ್ಟಿಕ್ ಟೀ (ಮೂರು ಕೊಳವೆ ಕೂಡಿಸುವ T ಆಕಾರದ ಜೋಡಣೆ), ಕೊಳವೆಗೆ ಒತ್ತಿ ಕೂರಿಸುವ ಕೋನ್ ಆಕಾರದ ರಬ್ಬರ್ ತುದಿ ಮತ್ತು ಮ್ಯಾನಿಫೋಲ್ಡ್‌ಗೆ ತಿರುಗಿಸಿ ಹಾಕಲು ಒಂದೆರಡು ಹಿತ್ತಾಳೆಯ ಅಡಾಪ್ಟರ್ ಇರುತ್ತವೆ. ಗೇಜ್ ಬೆಲೆಗೆ ತಕ್ಕದ್ದಕ್ಕಿಂತ ಚೆನ್ನಾಗಿಯೇ ಇರುತ್ತದೆ, ಉಳಿದದ್ದು ಬೆಲೆಗೆ ತಕ್ಕಂತೆ. ಹೋಸ್‌ನ ಗೋಡೆ ತೆಳುವಾಗಿದ್ದರೆ ಬಿಸಿ ಇಂಜಿನ್ ಪಕ್ಕದಲ್ಲಿ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಒಳಗೇ ಅಂಟಿಕೊಳ್ಳುತ್ತದೆ. ಆಗ ಮುಳ್ಳು ಒಂದೇ ಕಡೆ ಕದಲದೆ ನಿಂತು ಇಂಜಿನ್ ಬಹಳ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತದೆ. ಕೊಂಡ ದಿನವೇ ಆ ಹೋಸನ್ನು ತೆಗೆದು, ಗಟ್ಟಿ ಗೋಡೆಯ ವ್ಯಾಕ್ಯೂಮ್ ಹೋಸ್ ಹಾಕಿಕೊಳ್ಳುವುದು ಲೇಸು. ಪ್ಲಾಸ್ಟಿಕ್ ಟೀಯ ಬದಲು ಹಿತ್ತಾಳೆಯದನ್ನು ಹಾಕಿ. ಪ್ಲಾಸ್ಟಿಕ್ ಟೀಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಲ್ಲದ ಲೀಕ್ ಒಂದನ್ನು ನೀವೇ ಇಂಜಿನ್‌ಗೆ ಸೇರಿಸಿದಂತಾಗುತ್ತದೆ.

ಕೊಳ್ಳುವಾಗ ಒಂದು ವಿಷಯದಲ್ಲಿ ರಾಜಿ ಬೇಡ: ಗ್ಲಿಸರಿನ್ ತುಂಬಿದ ಡಯಲ್ ಬೇಡ, ಒಣ ಡಯಲ್ ಇರಲಿ. ಗ್ಲಿಸರಿನ್ ತುಂಬಿದ್ದು ನೋಡಲು ಬೆಲೆಬಾಳುವಂತೆ ಕಾಣುತ್ತದೆ, ಮುಳ್ಳು ನಡುಗದೆ ನಿಲ್ಲುತ್ತದೆ. ಆದರೆ ಈ ಕೆಲಸದಲ್ಲಿ ನಾವು ಓದಬೇಕಾದದ್ದು ಆ ನಡುಕವನ್ನೇ. ಇಂಜಿನ್ 800 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಸಿಲಿಂಡರ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಗಾಳಿ ಎಳೆಯುತ್ತದೆ. ಒಂದು ಸಿಲಿಂಡರ್‌ನ ವಾಲ್ವ್ ಸುಟ್ಟಿದ್ದರೆ ಮುಳ್ಳು ಅಷ್ಟೇ ವೇಗದಲ್ಲಿ ಟಿಕ್ ಟಿಕ್ ಎಂದು ಕೆಳಕ್ಕೆ ಕುಕ್ಕುತ್ತದೆ. ಗ್ಲಿಸರಿನ್ ಆ ಕುಕ್ಕನ್ನು ನುಂಗಿಬಿಡುತ್ತದೆ, ಉಳಿಯುವುದು ಒಂದು ಸರಾಸರಿ ಸಂಖ್ಯೆ ಮಾತ್ರ. ಸೆಕೆಂಡಿಗೆ ಒಂದೆರಡು ಸಲ ಬದಲಾಗುವ ಡಿಜಿಟಲ್ ಅಂಕಿಗೂ ಇದೇ ದೋಷ. ಕಣ್ಣಿಗೆ ಸಿಗದಷ್ಟು ವೇಗವಾಗಿ ಮುಳ್ಳು ಆಡುತ್ತಿದ್ದರೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ನೋಡಿ. ಕುಕ್ಕು ಒಂದೇ ಲಯದಲ್ಲಿದೆಯೋ ಮನಸ್ಸು ಬಂದಂತಿದೆಯೋ ಎಂಬುದು ಸ್ಪಷ್ಟವಾಗುತ್ತದೆ, ರೋಗ ಪತ್ತೆಯಾಗುವುದೂ ಆ ವ್ಯತ್ಯಾಸದಿಂದಲೇ.

ಜೋಡಿಸುವುದರಲ್ಲಿ ಆಗುವ ದೊಡ್ಡ ತಪ್ಪು ಜಾಗದ್ದು. ಗೇಜ್ ಕೂರಬೇಕಾದದ್ದು ಥ್ರಾಟಲ್ ಪ್ಲೇಟಿನ (ಆಕ್ಸಿಲೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲಿನ) ಕೆಳಗೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್‌ಗೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್ ಡಯಾಫ್ರಮ್‌ಗೆ (ಕಿಡಿಯನ್ನು ಮುಂಚೆ ಬರಿಸುವ ಭಾಗಕ್ಕೆ) ಹೋಗುವ ಸಣ್ಣ ಕೊಳವೆ ಕೆಲವು ಕಾರುಗಳಲ್ಲಿ ಪ್ಲೇಟಿನ ಮೇಲಿನ ರಂಧ್ರದಿಂದ ಬರುತ್ತದೆ. ಅಲ್ಲಿಗೆ ಹಾಕಿದರೆ ಐಡಲಿಂಗ್‌ನಲ್ಲಿ ಸೊನ್ನೆ ಬಂದು, ಇಂಜಿನ್ ಸತ್ತೇಹೋಗಿದೆ ಎಂದು ಗಾಬರಿಯಾಗುತ್ತದೆ. ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವ ಬಲ ಹೆಚ್ಚಿಸುವ ಸಾಧನ) ಇರುವ ಕಾರಿನಲ್ಲಿ ಮ್ಯಾನಿಫೋಲ್ಡ್‌ನಿಂದ ಬೂಸ್ಟರ್‌ಗೆ ಹೋಗುವ ಹೋಸ್‌ನಲ್ಲಿ, ಗಾಳಿಯನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್‌ಗೆ ಮೊದಲೇ, ಮ್ಯಾನಿಫೋಲ್ಡ್ ಕಡೆ ಟೀ ಹಾಕಬಹುದು. ವಾಲ್ವ್‌ನ ಆಚೆ, ಬೂಸ್ಟರ್ ಕಡೆ ಹಾಕಿದರೆ ಮುಳ್ಳು ಮೇಲೇರಿ ಅಲ್ಲೇ ಕುಳಿತುಬಿಡುತ್ತದೆ, ಇಳಿಯುವುದನ್ನು ತೋರಿಸುವುದಿಲ್ಲ.

ಹೋಸ್ ಹಾಕುವ ಮೊದಲು ಮುಳ್ಳು ಸೊನ್ನೆಯ ಮೇಲಿದೆಯೇ ನೋಡಿ. ವ್ಯಾಕ್ಯೂಮ್ ಒಂದು ಕಡೆ, ಪ್ರೆಶರ್ ಇನ್ನೊಂದು ಕಡೆ ಇರುವ ಡಯಲ್‌ನಲ್ಲಿ ಸೊನ್ನೆಯ ಬಳಿ ತಡೆಯುವ ಕಡ್ಡಿ ಇರುವುದಿಲ್ಲ, ಹಾಗಾಗಿ ಮುಳ್ಳು ಒಂದು ಗೆರೆ ಆಚೀಚೆ ಆಗಿದ್ದರೂ ಕಾಣುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ಪೂರ್ತಿ ತೆರೆದಿರಲಿ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಲೇಬೇಡಿ. ಸೆಲ್ಫ್ ಹೊಡೆಯುವಾಗ ಹೋಸನ್ನು ಬೆರಳಲ್ಲಿ ಅದುಮಿ ಹಿಡಿದಿರಿ. ಟೈಮಿಂಗ್ ತಪ್ಪಿದ ಇಂಜಿನ್ ಕಾರ್ಬೊರೇಟರ್ ಮೂಲಕ ಒಮ್ಮೆ ಬ್ಯಾಕ್‌ಫೈರ್ ಮಾಡಿದರೆ ಗೇಜಿನ ಒಳಗಿನ ಸೂಕ್ಷ್ಮ ಭಾಗಕ್ಕೆ ಅಷ್ಟೇ ಪೆಟ್ಟು ಸಾಕು.

ಇನ್ನು ಓದುವುದು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ಐಡಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸದ (ವ್ಯಾಕ್ಯೂಮ್ ಅಳೆಯುವ ಮಾನ) ನಡುವೆ, ಮುಳ್ಳು ಅಲ್ಲಾಡದೆ ನಿಲ್ಲಬೇಕು (ಕಿಲೋಪಾಸ್ಕಲ್ ಡಯಲ್ ಇದ್ದರೆ ಸುಮಾರು 57ರಿಂದ 71). ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಳೆಯಿರಿ. 900 ಮೀಟರ್ ಎತ್ತರದ ಊರಿನಲ್ಲಿ 16 ಬಂದರೆ ಇಂಜಿನ್‌ನಲ್ಲಿ ದೋಷ ಹುಡುಕುವ ಅಗತ್ಯವಿಲ್ಲ. ಡಯಲ್ ಮೇಲೆ ಬಣ್ಣ ಬಳಿದು ‘ನಾರ್ಮಲ್’, ‘ಲೇಟ್ ಟೈಮಿಂಗ್’ ಎಂದು ಅಚ್ಚು ಹಾಕಿರುವ ಪಟ್ಟಿಗಳು ಈ ಎತ್ತರದ ಲೆಕ್ಕವನ್ನು ಮಾಡುವುದಿಲ್ಲ. ಅವನ್ನು ಇಲ್ಲವೆಂದೇ ತಿಳಿಯಿರಿ.

ಮುಳ್ಳು ನೆಟ್ಟಗೆ ನಿಂತಿದೆ, ಆದರೆ 13–14ರಲ್ಲಿ ನಿಂತಿದೆ. ಕೈ ಬದಲಾಗಿ ಬಂದ ಕಾರಿನಲ್ಲಿ ಹೆಚ್ಚಾಗಿ ಕಾಣುವುದು ಇದೇ, ಹೆಚ್ಚಾಗಿ ಕಾರಣ ಟೈಮಿಂಗ್ ಲೇಟ್ ಆಗಿರುವುದು. ಮೊದಲು ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್‌ನ ಅಂತರ) ನೋಡಿ. ಪಾಯಿಂಟ್‌ನ ಹಿಮ್ಮಡಿಯ ಫೈಬರ್ (ಕ್ಯಾಮ್‌ಗೆ ಉಜ್ಜುವ ತುದಿ) ಸವೆದು ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಗ್ಯಾಪ್ ಸರಿಮಾಡಿದ ಮೇಲೆಯೇ ಟೈಮಿಂಗ್ ಮುಟ್ಟಬೇಕು, ಉಲ್ಟಾ ಮಾಡಿದರೆ ಎರಡು ಸಲ ಕೆಲಸ. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಸಡಿಲಿಸಿ ಸ್ವಲ್ಪ ಸ್ವಲ್ಪವೇ ಅಡ್ವಾನ್ಸ್ ಕಡೆಗೆ ತಿರುಗಿಸಿದರೆ ಮುಳ್ಳು ಏರುವುದು ಕಣ್ಣೆದುರೇ ಕಾಣುತ್ತದೆ. ಅತಿ ಹೆಚ್ಚಿನ ಅಂಕಿಯಲ್ಲೇ ಬಿಗಿಮಾಡಬೇಡಿ. ಗೇಜ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಅಡ್ವಾನ್ಸ್ ಮಾಡಲು ಆಸೆ ಹುಟ್ಟಿಸುತ್ತದೆ, ಲೋಡ್ ಬಿದ್ದಾಗ ಇಂಜಿನ್ ಕಟಕಟ ಎಂದು ನಾಕಿಂಗ್ ಕೊಡುತ್ತದೆ. ಒಂದು ಇಂಚು ಕೆಳಗಿಳಿಸಿ ನಿಲ್ಲಿಸಿ, ಟೈಮಿಂಗ್ ಲೈಟ್ ಹಿಡಿದು ಖಚಿತಪಡಿಸಿಕೊಳ್ಳಿ. ಗೇಜ್ ಒಂದು ಹೇಳಿ ಲೈಟ್ ಇನ್ನೊಂದು ಹೇಳಿದರೆ ಕ್ರ್ಯಾಂಕ್ ಪುಲ್ಲಿಯನ್ನು ಅನುಮಾನಿಸಿ. ರಬ್ಬರ್ ಹಾಕಿ ಕೂಡಿಸಿದ ಪುಲ್ಲಿಯ ಹೊರ ಉಂಗುರ ವರ್ಷಗಳಲ್ಲಿ ಜಾರಿ, ಟೈಮಿಂಗ್ ಗುರುತೇ ತಪ್ಪು ಜಾಗಕ್ಕೆ ಬಂದಿರುತ್ತದೆ.

ಟೈಮಿಂಗ್ ಸರಿಮಾಡಿದರೂ ಮುಳ್ಳು ಏರದಿದ್ದರೆ ಎರಡು ದಾರಿ: ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್ ಹಲ್ಲು ತಪ್ಪಿದೆ, ಇಲ್ಲವೇ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ. ಲೀಕ್ ಹುಡುಕಲು ಮೊದಲು ಬೂಸ್ಟರ್ ಹೋಸನ್ನು ಇಕ್ಕಳದಲ್ಲಿ ಅದುಮಿ. ಮುಳ್ಳು ಜಿಗಿದರೆ ಬೂಸ್ಟರ್ ಡಯಾಫ್ರಮ್ ಹರಿದಿದೆ. ಅದು ಐಡಲಿಂಗ್ ತೊಂದರೆಗಿಂತ ದೊಡ್ಡದು, ಬ್ರೇಕಿನ ವಿಷಯ, ಕಾರನ್ನು ಅಲ್ಲೇ ನಿಲ್ಲಿಸಿ. ಆಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬೊರೇಟರ್‌ನ ಬುಡದ ಗ್ಯಾಸ್ಕೆಟ್, ಥ್ರಾಟಲ್ ಶಾಫ್ಟ್‌ನ ಎರಡು ತುದಿ. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ ನೋಡುವುದು ಎಲ್ಲರ ರೂಢಿ, ಆದರೆ ಅದೇ ಪಕ್ಕದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಡದಂತೆ ಕಾದಿರುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು ಹನಿಸಿದರೂ ದೊಡ್ಡ ಲೀಕ್ ತಿಳಿಯುತ್ತದೆ: ಒಂದು ಕ್ಷಣ ಬಿರುಕು ಮುಚ್ಚಿಕೊಂಡು ಮುಳ್ಳು ಮೇಲಕ್ಕೆ ಹಾರುತ್ತದೆ. ಶಾಫ್ಟ್ ಸವೆದಿದ್ದರೆ ರಿಪೇರಿ ಕಿಟ್‌ನ ಗ್ಯಾಸ್ಕೆಟ್‌ಗಳಿಂದ ಏನೂ ಆಗದು, ಬುಶ್ ಹಾಕಿಸಲೇಬೇಕು.

ಮುಳ್ಳು ಒಂದೇ ಲಯದಲ್ಲಿ ಎರಡು–ಮೂರು ಇಂಚು ಕುಕ್ಕುತ್ತಿದ್ದರೆ ಒಂದು ಸಿಲಿಂಡರ್‌ನಲ್ಲಿ ವಾಲ್ವ್ ಕೂರುತ್ತಿಲ್ಲ ಎಂದರ್ಥ. ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ) ಅಳೆಯಿರಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಇದೇ ಲಕ್ಷಣ, ಅದು ಫೀಲರ್ ಗೇಜ್‌ನಿಂದ ಸರಿಹೋಗುವ ಕೆಲಸ. ಆದರೆ ಹಾಗೇ ಬಿಟ್ಟರೆ ವಾಲ್ವ್ ನಿಜವಾಗಿಯೂ ಸುಡುತ್ತದೆ. ಕುಕ್ಕು ಆಗಾಗ ಮಾತ್ರ, ಲಯವಿಲ್ಲದೆ ಬಂದರೆ ವಾಲ್ವ್ ಅಂಟುತ್ತಿದೆ ಅಥವಾ ಪ್ಲಗ್ ಮಿಸ್ ಹೊಡೆಯುತ್ತಿದೆ. ವರ್ಷಗಟ್ಟಲೆ ನಿಂತಿದ್ದ ಕಾರಿನಲ್ಲಿ ಅಂಟುವ ವಾಲ್ವ್ ಮಾಮೂಲು. ಐಡಲಿಂಗ್‌ನಲ್ಲಿ ಮುಳ್ಳು ಗಡಗಡ ನಡುಗಿ, ಆರ್‌ಪಿಎಂ ಏರಿಸಿದಾಗ ಶಾಂತವಾದರೆ ವಾಲ್ವ್ ಗೈಡ್ (ವಾಲ್ವ್‌ನ ಕಾಂಡ ಜಾರುವ ಕೊಳವೆ) ಸವೆದಿದೆ. ಇದಕ್ಕೆ ತದ್ವಿರುದ್ಧವಾಗಿ ಆರ್‌ಪಿಎಂ ಏರಿದಷ್ಟೂ ತೂಗಾಟ ಜಾಸ್ತಿಯಾದರೆ ವಾಲ್ವ್ ಸ್ಪ್ರಿಂಗ್ ಸೋತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕುಕ್ಕು ಸಣ್ಣದಲ್ಲ, ಲಯಬದ್ಧವಾಗಿ ದೊಡ್ಡ ಜಿಗಿತವೇ. ಮುಳ್ಳು ನಿಧಾನವಾಗಿ, ಉಸಿರಾಡಿದಂತೆ ಒಂದೆರಡು ಇಂಚು ಮೇಲೆ ಕೆಳಗೆ ತೇಲುತ್ತಿದ್ದರೆ ಮಾತ್ರ ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕಿ. ಅಂತೂ ಕಾರ್ಬೊರೇಟರ್ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ.

ಇನ್ನೆರಡು ಪರೀಕ್ಷೆಗಳಿವೆ. ಆಕ್ಸಿಲೇಟರನ್ನು ಒಮ್ಮೆ ಪೂರ್ತಿ ಒತ್ತಿ ಥಟ್ಟನೆ ಬಿಡಿ. ಪಿಸ್ಟನ್ ರಿಂಗ್ ಚೆನ್ನಾಗಿದ್ದರೆ ಮುಳ್ಳು 2ರ ಕೆಳಗೆ ಬಿದ್ದು, 24–25ರವರೆಗೆ ಹಾರಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಹಾರದೆ ಸೋಮಾರಿಯಂತೆ 20ರ ಸುತ್ತ ನಿಂತುಬಿಟ್ಟರೆ ಕಂಪ್ರೆಷನ್ ಟೆಸ್ಟ್ ಮಾಡಿ: ಎಲ್ಲ ಪ್ಲಗ್ ತೆಗೆದು, ಕಾಯಿಲ್ ಡಿಸ್ಕನೆಕ್ಟ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇನ್ನೊಂದು, ಇಂಜಿನ್ ಅನ್ನು 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿಯುವುದು. ಮುಳ್ಳು ಐಡಲಿಂಗ್ ಅಂಕಿಯ ಹತ್ತಿರ ನಿಲ್ಲಬೇಕು. ಮೆಲ್ಲಗೆ ಇಳಿಯುತ್ತಾ ಹೋದರೆ ಸೈಲೆನ್ಸರ್ ಒಳಗೆ ಕಟ್ಟಿಕೊಂಡಿದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಸೈಲೆನ್ಸರ್‌ನೊಳಗೆ ತಗಡು ಕುಸಿದಿರುವುದು ಕಣ್ಣಿಗೆ ಕಾಣುವುದಿಲ್ಲ, ಮುಳ್ಳಿಗೆ ಕಾಣುತ್ತದೆ.

ಗೇಜ್ ಸೋಲುವ ಜಾಗಗಳೂ ಇವೆ. ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಥ್ರಾಟಲ್ ಇರುವ ಜೋಡಿ ವೆಬರ್ ಕಾರ್ಬೊರೇಟರ್‌ನಂಥ ಸೈಡ್ ಡ್ರಾಫ್ಟ್ (ಗಾಳಿ ಪಕ್ಕದಿಂದ ಒಳಹೋಗುವ) ವ್ಯವಸ್ಥೆಯಲ್ಲಿ ಒಂದು ಕೊಳವೆಗೆ ಹಾಕಿದರೆ ಆ ಒಂದೇ ಸಿಲಿಂಡರ್‌ನ ಬಡಿತ ಸಿಗುತ್ತದೆ, ಮುಳ್ಳು ಹುಚ್ಚೆದ್ದು ಕುಣಿಯುತ್ತದೆ. ಅಲ್ಲಿ ಮೇಲಿನ ಯಾವ ಲಕ್ಷಣವೂ ಲೆಕ್ಕಕ್ಕಿಲ್ಲ. ಹಿಂದಿನ ಮಾಲೀಕರು ರೇಸಿಂಗ್ ಕ್ಯಾಮ್ ಹಾಕಿಸಿದ್ದರೆ ಆರೋಗ್ಯವಂತ ಇಂಜಿನ್ನೂ 10–12 ಇಂಚು ತೋರಿಸಬಹುದು. ಯಾವ ಸಿಲಿಂಡರ್ ಎಂಬುದನ್ನೂ ಗೇಜ್ ಹೇಳುವುದಿಲ್ಲ. ಅದಕ್ಕೆ ಒಂದೊಂದೇ ಪ್ಲಗ್‌ನ ಸರ್ಕಿಟ್ ಕಡಿತಗೊಳಿಸಿ, ವೈರನ್ನು ಅರ್ಥ್ ಮಾಡಿ, ಯಾವುದನ್ನು ತೆಗೆದರೂ ಮುಳ್ಳು ಇಳಿಯದೋ ಅದು ಸತ್ತ ಸಿಲಿಂಡರ್ ಎಂದು ಗುರುತಿಸಬೇಕು.

ಪೆಟ್ರೋಲ್ ಪ್ರೆಶರ್ ಭಾಗ ಈ ಕಿಟ್‌ನಲ್ಲಿ ಸಿಗುವ ಕೊಸರು, ಆದರೆ ಕೆಲಸಕ್ಕೆ ಬರುವ ಕೊಸರು. ಪಂಪ್ ಮತ್ತು ಕಾರ್ಬೊರೇಟರ್ ನಡುವೆ ಟೀ ಹಾಕಿದರೆ ಮೆಕ್ಯಾನಿಕಲ್ ಪಂಪ್ ಸಾಮಾನ್ಯವಾಗಿ 2ರಿಂದ 6 ಪಿಎಸ್‌ಐ ನಡುವೆ ತೋರಿಸಬೇಕು, ನಿಖರ ಅಂಕಿ ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಇಂಜಿನ್ ನಿಲ್ಲಿಸಿದ ತಕ್ಷಣ ಸೊನ್ನೆಗೆ ಬಿದ್ದರೆ ಪಂಪ್‌ನ ವಾಲ್ವ್ ಅಥವಾ ಫ್ಲೋಟ್ ನೀಡಲ್ (ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಮುಳ್ಳು) ಸೋರುತ್ತಿದೆ. ಹಳೆಯ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿರುವ ಕಾರಿನಲ್ಲಿ ಇದನ್ನು ತಪ್ಪದೆ ನೋಡಿ: ಪ್ರೆಶರ್ ಹೆಚ್ಚಾದರೆ ಹೊಸ ಫ್ಲೋಟ್ ನೀಡಲ್ ಕೂಡ ಪೆಟ್ರೋಲ್ ತಡೆಯಲಾರದೆ ಉಕ್ಕಿಸುತ್ತದೆ. ಆದರೆ ಪ್ರೆಶರ್ ಸರಿಯಿದ್ದ ಮಾತ್ರಕ್ಕೆ ಪ್ರಮಾಣ ಸರಿಯಿದೆ ಎಂದಲ್ಲ. ಕಟ್ಟಿಕೊಂಡ ಫಿಲ್ಟರ್ ಐಡಲಿಂಗ್‌ನಲ್ಲಿ ಒಳ್ಳೆಯ ಅಂಕಿ ತೋರಿಸಿ, ಏರಿನಲ್ಲಿ ಕೈಕೊಡುತ್ತದೆ. ಈ ಕೆಲಸಕ್ಕೆ ವ್ಯಾಕ್ಯೂಮ್ ಹೋಸ್ ಬಳಸಬೇಡಿ. ಪೆಟ್ರೋಲ್ ತಾಗಿ ಅದು ಉಬ್ಬಿ ಕ್ಲಿಪ್‌ನಿಂದ ಜಾರುತ್ತದೆ, ಕೆಳಗೇ ಕಿಡಿ ಹಾರುವ ಡಿಸ್ಟ್ರಿಬ್ಯೂಟರ್ ಇರಬಹುದು. ಪೆಟ್ರೋಲ್‌ಗೆಂದೇ ಮಾಡಿದ ಹೋಸ್, ಎರಡೂ ತುದಿಗೆ ಸ್ಕ್ರೂ ಕ್ಲಿಪ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಹಳೆಯ ಕಾರನ್ನು ಕೊಳ್ಳುವ ಮೊದಲೇ ನೋಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಒಂದು ಟೀ, ಹತ್ತು ನಿಮಿಷ, ಬಿಸಿ ಇಂಜಿನ್ ಇದ್ದರೆ ಸಾಕು. ಮಾರುವವರು ತಣ್ಣನೆಯ ಇಂಜಿನ್ ಮೇಲೆ ತೋರಿಸಿ ಮುಗಿಸಲು ಹೊರಟರೆ ಒಪ್ಪಬೇಡಿ, ಗೈಡ್ ಮತ್ತು ಅಂಟುವ ವಾಲ್ವ್‌ನ ಕಥೆ ಬಿಸಿಯಾದ ಮೇಲೆಯೇ ಸರಿಯಾಗಿ ತಿಳಿಯುವುದು. ಪೆಟ್ರೋಲ್ ಪ್ರೆಶರ್ ನೋಡಿದ ಬಳಿಕ ಗೇಜನ್ನು ಬಾಯಿ ಕೆಳಗಾಗಿ ತೂಗುಹಾಕಿ ಒಳಗಿನ ಪೆಟ್ರೋಲ್ ಪೂರ್ತಿ ಸುರಿದು ಹೋಗಲು ಬಿಡಿ. ಅದು ಉಳಿದರೆ ಮುಂದಿನ ಸಲ ವ್ಯಾಕ್ಯೂಮ್‌ಗೆ ಜೋಡಿಸಿದಾಗ ನೇರ ಮ್ಯಾನಿಫೋಲ್ಡ್‌ಗೆ ಇಳಿದು, ಐಡಲಿಂಗ್ ಒಂದೆರಡು ನಿಮಿಷ ತಪ್ಪು ತೋರಿಸುತ್ತದೆ.