ಎಲ್ಲರೂ ನಕ್ಕ ‘ಕ್ಯಾಟ್ಸ್’ ನನ್ನ ಪಾಲಿಗೆ ಗೆದ್ದದ್ದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ‘ಕ್ಯಾಟ್ಸ್’ ಅನ್ನುವ ಇಂಗ್ಲಿಷ್ ಸಂಗೀತ ನಾಟಕದ ಎರಡು ಚಿತ್ರರೂಪಗಳಲ್ಲಿ ನನಗೆ ಇಷ್ಟವಾದದ್ದು 2019ರ ಸಿನಿಮಾ. ಹೌದು, ಟ್ರೇಲರ್ ಬಂದ ದಿನದಿಂದಲೇ ಜನ ಆಡಿಕೊಂಡು ನಕ್ಕ ಅದೇ ಸಿನಿಮಾ. ಟಾಮ್ ಹೂಪರ್ ನಿರ್ದೇಶನದ್ದು. ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ಗೋಲ್ಡನ್ ರಾಸ್ಪ್‌ಬೆರಿಯನ್ನು ಆರು ವಿಭಾಗಗಳಲ್ಲಿ ಪಡೆದದ್ದು. ಇದರ ಎದುರಿಗೆ ಇಡುತ್ತಿರುವುದು 1998ರಲ್ಲಿ ಬಂದ ವಿಡಿಯೊ. ಲಂಡನ್ನಿನ ಅಡೆಲ್ಫಿ ರಂಗಮಂದಿರದಲ್ಲಿ ನಾಟಕವನ್ನು ನಾಟಕವಾಗಿಯೇ ಚಿತ್ರೀಕರಿಸಿದ್ದು. ಆಂಡ್ರ್ಯೂ ಲಾಯ್ಡ್ ವೆಬರ್ ಅವರ ಸಂಗೀತ, ಟಿ.ಎಸ್. ಎಲಿಯಟ್ 1939ರಲ್ಲಿ ಪ್ರಕಟಿಸಿದ ಬೆಕ್ಕಿನ ಪದ್ಯಗಳು, ಇವು ಎರಡಕ್ಕೂ ಒಂದೇ. ಕಥೆಯೂ ಎರಡರಲ್ಲೂ ಒಂದು ಎಳೆಯಷ್ಟೇ: ಒಂದು ರಾತ್ರಿ ಬೆಕ್ಕುಗಳೆಲ್ಲ ಸೇರುತ್ತವೆ, ಒಂದೊಂದರ ಕಥೆ ಹಾಡಾಗಿ ಬರುತ್ತದೆ, ಕೊನೆಗೆ ಅವುಗಳಲ್ಲಿ ಒಂದಕ್ಕೆ ಹೊಸ ಜನ್ಮ ಸಿಗುತ್ತದೆ.

ನಾನು ದುಡ್ಡು ಕೊಟ್ಟು ಮೊದಲು ತಂದದ್ದು 1998ರದ್ದು. ಗೊತ್ತಿದ್ದವರೆಲ್ಲ ‘ನೋಡುವುದಾದರೆ ಅದನ್ನು ನೋಡು, ಹೊಸದರ ತಂಟೆಗೆ ಹೋಗಬೇಡ’ ಅಂದಿದ್ದರು. ಡಿಸ್ಕ್ ಬಂತು, ರಾತ್ರಿ ಕೂತು ಪೂರ್ತಿ ನೋಡಿದೆ, ಚೆನ್ನಾಗಿತ್ತು. ಕಪಾಟಿನಲ್ಲಿಟ್ಟೆ. ಮತ್ತೆ ತಿಂಗಳುಗಟ್ಟಲೆ ಅದನ್ನು ಮುಟ್ಟಬೇಕು ಅನ್ನಿಸಲಿಲ್ಲ. ಆಮೇಲೊಮ್ಮೆ ಜ್ವರ ಬಂದು ಮಲಗಿದ್ದಾಗ ಹೊಸದನ್ನು ಎರಡು ದಿನದ ಬಾಡಿಗೆಗೆ ತೆಗೆದುಕೊಂಡೆ. ಆ ಎರಡೇ ದಿನದಲ್ಲಿ ಮೂರು ಸಲ ನೋಡಿದೆ. ಜ್ವರ ಬಿಟ್ಟ ಮೇಲೆ ಕೊಂಡೇಬಿಟ್ಟೆ. ಎರಡಕ್ಕೂ ದುಡ್ಡು ಸುರಿಯುವಷ್ಟು ಅನುಕೂಲ ನನಗಿರಲಿಲ್ಲ. ಮೊದಲೇ ಹೊಸದನ್ನು ನೋಡಿದ್ದರೆ ಒಂದರ ಖರ್ಚು ಉಳಿಯುತ್ತಿತ್ತು ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ತುಪ್ಪಳದ ವಿಷಯ ಮೊದಲು ಮುಗಿಸೋಣ. ನಟರ ಮೈಮೇಲೆ ಕಂಪ್ಯೂಟರಿನಲ್ಲಿ ಕೂದಲು ಬೆಳೆಸಿ, ಮುಖ, ಕೈ, ಪಾದ ಮಾತ್ರ ಮನುಷ್ಯರದ್ದೇ ಬಿಟ್ಟಿದ್ದಾರೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಕಣ್ಣಿಗೆ ಒಗ್ಗುವುದಿಲ್ಲ, ಅದು ನಿಜ. ಕೆಲಸ ಎಷ್ಟು ಅವಸರದಲ್ಲಿ ನಡೆದಿತ್ತೆಂದರೆ ಬಿಡುಗಡೆಯಾದ ಮೇಲೂ ತಿದ್ದಿದ ಪ್ರತಿಯನ್ನು ಚಿತ್ರಮಂದಿರಗಳಿಗೆ ಕಳಿಸಬೇಕಾಯಿತು. ಆದರೆ ಬರಿಯ ಪಾದ ಬಿಟ್ಟದ್ದರಿಂದ ಒಂದು ಲಾಭ ಆಗಿದೆ, ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಬಿಳಿ ಬೆಕ್ಕು ವಿಕ್ಟೋರಿಯಾ ಆಗಿರುವವರು ಫ್ರಾನ್ಸೆಸ್ಕಾ ಹೇವರ್ಡ್, ಲಂಡನ್ನಿನ ರಾಯಲ್ ಬ್ಯಾಲೆಯ ಪ್ರಧಾನ ನರ್ತಕಿ. ಅವರು ಕಾಲು ಚಾಚಿದಾಗ ಪಾದದ ಕಮಾನು ಹೇಗೆ ಬಾಗುತ್ತದೆ, ನೆಲಕ್ಕೆ ಇಳಿಯುವಾಗ ಬೆರಳು ಮೊದಲು ಮುಟ್ಟಿ ಹಿಮ್ಮಡಿ ಆಮೇಲೆ ಹೇಗೆ ಕೂರುತ್ತದೆ, ನೋಡಿ. ಅಲ್ಲಿ ಬೆಕ್ಕಿನ ಪಂಜ ತೊಡಿಸಿದ್ದರೆ ಇದೆಲ್ಲ ಮುಚ್ಚಿಹೋಗುತ್ತಿತ್ತು. 1998ರದ್ದರಲ್ಲಿ ಎಲ್ಲರೂ ಮೈಗಂಟಿದ ಬಣ್ಣದ ಉಡುಪು, ಕಾಲಿಗೆ ಉಣ್ಣೆಯ ಚೀಲ, ತಲೆಗೆ ವಿಗ್, ಮುಖಕ್ಕೆ ಬಣ್ಣ. ರಂಗದ ಮೇಲೆ ದೂರದಿಂದ ನೋಡುವವರಿಗೆ ಅದು ಸರಿಯಾದ ವೇಷ. ಕ್ಯಾಮೆರಾ ಹತ್ತಿರ ಹೋದಾಗ ಮಾತ್ರ ನನಗೆ ಬೆಕ್ಕೂ ಕಾಣಲಿಲ್ಲ, ಮನುಷ್ಯರೂ ಕಾಣಲಿಲ್ಲ, ಬಣ್ಣವೇ ಕಂಡಿತು.

ಗುಂಪು ನೃತ್ಯದಲ್ಲಿ ಹಳೆಯದೇ ಮೇಲು. ಗಿಲಿಯನ್ ಲಿನ್ ಸಂಯೋಜಿಸಿದ ಆ ದೀರ್ಘ ಕುಣಿತದಲ್ಲಿ ಇಡೀ ರಂಗ ಒಂದೇ ಪ್ರಾಣಿಯ ಹಾಗೆ ಉಸಿರಾಡುತ್ತದೆ. ಹೊಸದರಲ್ಲಿ ಆಂಡಿ ಬ್ಲಾಂಕನ್‌ಬ್ಯೂಲರ್ ಸಂಯೋಜನೆ ಚೆನ್ನಾಗಿದ್ದರೂ ಸಂಕಲನಕಾರರು ಒಂದು ಚಲನೆ ಮುಗಿಯುವ ಮೊದಲೇ ಕತ್ತರಿಸಿ ಬೇರೆಡೆ ಹಾರುತ್ತಾರೆ.

ಇನ್ನು ನನ್ನನ್ನು ನಿಜವಾಗಿ ಕಾಡಿದ ತೊಂದರೆ. ನಾನು ಸಿನಿಮಾ ನೋಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಟಿವಿಯ ಸ್ಪೀಕರಿನಲ್ಲಿ, ಸದ್ದು ಸಣ್ಣಗೆ ಇಟ್ಟು. 2019ರ ‘ಕ್ಯಾಟ್ಸ್’ ಈ ಅಭ್ಯಾಸಕ್ಕೆ ಸ್ವಲ್ಪವೂ ಹೊಂದುವುದಿಲ್ಲ. ಹೂಪರ್ 2012ರ ‘ಲೆ ಮಿಸೆರಾಬ್ಲ್’ನಲ್ಲಿ ಮಾಡಿದ ಹಾಗೆಯೇ ಇಲ್ಲೂ ನಟರಿಂದ ಸೆಟ್ಟಿನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ಹಾಡಿಸಿದ್ದಾರೆ. ಹಾಗಾಗಿ ಹಾಡು ಎಷ್ಟೋ ಕಡೆ ಪಿಸುಮಾತಿನಿಂದ ಶುರುವಾಗುತ್ತದೆ. ಕಿವಿ ನಿಮಿರಿಸಿ ಕೂತರೂ ಪದ ಸಿಗುವುದಿಲ್ಲ. ಸದ್ದು ಏರಿಸುತ್ತೇವೆ. ಅಷ್ಟರಲ್ಲಿ ಇಡೀ ವಾದ್ಯವೃಂದ ಒಮ್ಮೆಗೇ ಎದ್ದು ಗೋಡೆ ನಡುಗುತ್ತದೆ. ಇಳಿಸುತ್ತೇವೆ. ಮತ್ತೆ ಪಿಸುಮಾತು.

‘ಮೆಮರಿ’ ಹಾಡಿನಲ್ಲಿ ಇದು ಅತಿಯಾಯಿತು. ಗುಂಪು ಹೊರಗಿಟ್ಟ ಬೆಕ್ಕು ಗ್ರಿಜಬೆಲ್ಲಾ ಆಗಿರುವ ಜೆನಿಫರ್ ಹಡ್ಸನ್ ಮೊದಲ ಸಾಲುಗಳನ್ನು ಗಂಟಲಿನಲ್ಲೇ ಇಟ್ಟುಕೊಂಡು ಹಾಡುತ್ತಾರೆ, ಅರ್ಧ ಅಳು, ಅರ್ಧ ಸ್ವರ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದೇ ಗಂಟಲು ಸಿಡಿಯುತ್ತದೆ. ಮೊದಲ ಸಲ ನೋಡುವಾಗ ನಾನು ಸದ್ದು ಇಪ್ಪತ್ತೆಂಟಕ್ಕೆ ಏರಿಸಿ ಕೂತಿದ್ದೆ. ಆ ಜಾಗ ಬಂದಾಗ ರಿಮೋಟು ಹೊದಿಕೆಯಡಿ ಸಿಕ್ಕಿಕೊಂಡಿತ್ತು. ಒಳಕೋಣೆಯಲ್ಲಿ ದೀಪ ಹತ್ತಿತು. ಹಾಡಿನ ಅತ್ಯಂತ ದೊಡ್ಡ ಗಳಿಗೆ ನನಗೆ ಹೊದಿಕೆ ಕೊಡವುವುದರಲ್ಲಿ ಹೋಯಿತು, ಅದರ ಬೇಸರ ಬಹಳ ಹೊತ್ತು ಉಳಿಯಿತು. ಎರಡನೆಯ ಸಲ ಹೆಬ್ಬೆರಳನ್ನು ಬಟನ್ನಿನ ಮೇಲೇ ಇಟ್ಟುಕೊಂಡು ಕೂತೆ. ಆಗ ಹಾಡಿಗಿಂತ ಹೆಬ್ಬೆರಳಿನ ಮೇಲೇ ಗಮನ. ಟಿವಿಯ ಸೆಟ್ಟಿಂಗ್‌ನಲ್ಲಿ ರಾತ್ರಿ ಮೋಡ್ ಅಂತ ಒಂದಿತ್ತು, ಹಾಕಿದೆ. ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬಂದವು, ಹಾಡಿನ ಜೀವವೇ ಹೋಯಿತು.

ಕೊನೆಗೆ ದಾರಿ ತೋರಿದ್ದು ವೈರಿನ ಹೆಡ್‌ಫೋನು. ಕಿವಿ ಪೂರ್ತಿ ಮುಚ್ಚುವ ಹಳೆಯ ಹೆಡ್‌ಫೋನು, ಉದ್ದದ ವೈರು, ಸದ್ದು ಒಂದೇ ಜಾಗದಲ್ಲಿಟ್ಟು ರಿಮೋಟನ್ನು ಕೈಗೆ ಸಿಗದಷ್ಟು ದೂರ ಇಟ್ಟೆ. ಆ ರಾತ್ರಿ ನನಗೆ ಗೊತ್ತಾಯಿತು, ಈ ಚಿತ್ರವನ್ನು ಇಷ್ಟು ಹತ್ತಿರದಿಂದಲೇ ಕೇಳಬೇಕು. ಹಡ್ಸನ್ ಎರಡು ಸಾಲಿನ ನಡುವೆ ಮೂಗೆಳೆದುಕೊಳ್ಳುವುದು ಕೇಳಿಸುತ್ತದೆ. ಅವರ ಮೂಗು ಸುರಿಯುತ್ತಿರುವುದನ್ನು ತೋರಿಸಿ ಎಷ್ಟು ಜನ ನಕ್ಕರು! ಬೀದಿಗೆ ಬಿದ್ದ, ತನ್ನವರೇ ಹತ್ತಿರ ಸೇರಿಸದ ಹೆಣ್ಣೊಬ್ಬಳು ನಡುರಾತ್ರಿ ಅಳುತ್ತಾ ಹಾಡಿದರೆ ಮೂಗು ಸುರಿಯದೆ ಇನ್ನೇನಾಗುತ್ತದೆ? ಅದನ್ನು ಒರೆಸದೆ ಹಾಡು ಮುಗಿಸಿದ್ದಕ್ಕೆ ನನಗೆ ಅವರ ಮೇಲೆ ಗೌರವ.

1998ರದ್ದರಲ್ಲಿ ಈ ರಗಳೆ ಇಲ್ಲ, ಸದ್ದು ಮೊದಲಿಂದ ಕೊನೆಯವರೆಗೆ ಹದವಾಗಿದೆ.

ಗಸ್ ಅನ್ನುವ ಮುದಿ ರಂಗನಟ ಬೆಕ್ಕಿನ ಹಾಡನ್ನು ಎರಡರಲ್ಲೂ ಬೆನ್ನುಬೆನ್ನಿಗೆ ಹಾಕಿ ನೋಡಿದೆ. ಹಳೆಯದರಲ್ಲಿ ಗಸ್ ಆದವರು ಜಾನ್ ಮಿಲ್ಸ್. 1908ರಲ್ಲಿ ಹುಟ್ಟಿದವರು, ತೊಂಬತ್ತರ ಹೊಸ್ತಿಲಲ್ಲಿದ್ದರು. ಅವರನ್ನು ಕೂರಿಸಿ, ಪಕ್ಕದ ಬೆಕ್ಕು ಅವರ ಕಥೆ ಹಾಡುತ್ತದೆ. ಅವರ ಕಣ್ಣಿನಲ್ಲಿ ಎಲ್ಲವೂ ಇದೆ. ಹೊಸದರಲ್ಲಿ ಇಯಾನ್ ಮೆಕೆಲೆನ್. ಅವರು ಹುಟ್ಟಿದ್ದು 1939ರಲ್ಲಿ, ಎಲಿಯಟ್ಟರ ಪದ್ಯಗಳು ಪ್ರಕಟವಾದ ಅದೇ ವರ್ಷ. ರಂಗದ ಹಿಂದೆ ಕತ್ತಲಲ್ಲಿ ಬಾಗಿ ತಟ್ಟೆಯಿಂದ ನಾಲಿಗೆಯಲ್ಲಿ ನೆಕ್ಕಿ ಕುಡಿಯುತ್ತಾರೆ. ಯಾರೋ ನೋಡುತ್ತಿದ್ದಾರೆ ಅಂತ ತಿಳಿದೊಡನೆ ಬೆನ್ನು ನೆಟ್ಟಗೆ ಮಾಡಲು ಹೊರಡುತ್ತಾರೆ. ಪೂರ್ತಿ ನೆಟ್ಟಗಾಗುವುದಿಲ್ಲ. ಆಮೇಲೆ ಹಾಡು. ಹಾಡು ಅನ್ನುವುದಕ್ಕಿಂತ ಮಾತೇ ರಾಗಕ್ಕೆ ಒರಗಿಕೊಂಡ ಹಾಗೆ. ಹಿಂದೆ ತಾನು ಮಾಡಿದ ಪಾತ್ರಗಳ ಹೆಸರು ಹೇಳುವಾಗ ದನಿ ಒಂದು ಕ್ಷಣ ಹರೆಯಕ್ಕೆ ಹೋಗಿ, ಮತ್ತೆ ನಡುಗುತ್ತದೆ. ಜೀವಮಾನವಿಡೀ ರಂಗದ ಮೇಲೆ ನಿಂತ ಮನುಷ್ಯ ಇದನ್ನು ಮಾಡುತ್ತಿದ್ದಾರೆ ಅನ್ನುವುದು ಗೊತ್ತಿದ್ದು ನೋಡಿದರೆ ಗಂಟಲು ಕಟ್ಟುತ್ತದೆ. ಇದೊಂದು ದೃಶ್ಯಕ್ಕೇ ನಾನು ಕೊಟ್ಟ ದುಡ್ಡು ಬಂತು.

ಇಲಿ, ಜಿರಳೆಗಳಿಗೆ ಮನುಷ್ಯರ ಮುಖ ಹಚ್ಚಿದ ಹಾಡು ಬಂದಾಗ ಮುಂದಕ್ಕೆ ಓಡಿಸುತ್ತೇನೆ. ಹೊಟ್ಟೆಬಾಕ ಬೆಕ್ಕಿನದ್ದನ್ನೂ ಅಷ್ಟೇ.

ರೈಲಿನ ಬೆಕ್ಕು ಸ್ಕಿಂಬಲ್‌ಶ್ಯಾಂಕ್ಸ್‌ನ ಹಾಡು ಮಾತ್ರ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುವಂಥದ್ದು. ಹಳೆಯದರಲ್ಲಿ ಕಸದ ರಾಶಿಯ ಸಾಮಾನುಗಳನ್ನೇ ಜೋಡಿಸಿ ಕಣ್ಣೆದುರೇ ಒಂದು ರೈಲು ಎಂಜಿನ್ ಕಟ್ಟುತ್ತಾರೆ. ರಂಗದ ಜಾಣ್ಮೆ ಅದು, ಮಕ್ಕಳಿಗೆ ಬಹಳ ಹಿಡಿಸುತ್ತದೆ. ಹೊಸದರಲ್ಲಿ ಕೆಂಪು ಪ್ಯಾಂಟು ತೊಟ್ಟ ಸ್ಟೀವನ್ ಮ್ಯಾಕ್ರೇ ಬೂಟಿನ ಹಿಮ್ಮಡಿಯಲ್ಲೇ ರೈಲಿನ ತಾಳ ಬಾರಿಸುತ್ತಾರೆ. ಇವರೂ ರಾಯಲ್ ಬ್ಯಾಲೆಯ ಪ್ರಧಾನ ನರ್ತಕರು, ಬೂಟಿನಿಂದ ತಾಳ ಬಾರಿಸುವ ಟ್ಯಾಪ್ ನೃತ್ಯ ಬಲ್ಲವರು. ಬೆಕ್ಕುಗಳೆಲ್ಲ ಸಾಲಾಗಿ ಹಳಿಯ ಮೇಲೆ ಅವರ ಹಿಂದೆ ಹೋಗುತ್ತವೆ. ಹೆಡ್‌ಫೋನಿನಲ್ಲಿ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಚಿತ್ರ ಬಿಡುಗಡೆಯಾಗುವುದಕ್ಕೆ ಎರಡು ತಿಂಗಳ ಮುಂಚೆ, 2019ರ ಅಕ್ಟೋಬರ್‌ನಲ್ಲಿ, ರಂಗದ ಮೇಲೆ ಕುಣಿಯುತ್ತಿದ್ದಾಗಲೇ ಮ್ಯಾಕ್ರೇ ಅವರ ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮತ್ತೆ ರಂಗಕ್ಕೆ ಬರಲು ಎರಡು ವರ್ಷ ಹಿಡಿಯಿತು. ಜನ ಚಿತ್ರಮಂದಿರದಲ್ಲಿ ಬಾಲ ನೋಡಿ ನಗುತ್ತಿದ್ದ ದಿನಗಳಲ್ಲಿ, ಆ ಕಾಲಿನ ಯಜಮಾನ ನಡೆಯುವುದನ್ನು ಮೊದಲಿಂದ ಕಲಿಯುತ್ತಿದ್ದರು. ಇದು ತಿಳಿದ ಮೇಲೆ ನಾನು ಆ ಹಾಡನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ.

ವಿಕ್ಟೋರಿಯಾಗೆ ರಂಗದ ಮೇಲೆ ಸ್ವಂತ ಹಾಡಿಲ್ಲ, ಕುಣಿತ ಮಾತ್ರ. ಸಿನಿಮಾದಲ್ಲಿ ಅವಳನ್ನು ಚೀಲದಲ್ಲಿ ಕಟ್ಟಿ ಓಣಿಗೆ ಎಸೆಯುವುದರಿಂದಲೇ ಕಥೆ ಶುರು. ನಾವು ಉಳಿದ ಬೆಕ್ಕುಗಳನ್ನೆಲ್ಲ ಅವಳ ಜೊತೆಗೇ ಮೊದಲ ಸಲ ಕಾಣುತ್ತೇವೆ. ವೆಬರ್ ಜೊತೆ ಟೇಲರ್ ಸ್ವಿಫ್ಟ್ ಕೂಡಿ ಬರೆದ ‘ಬ್ಯೂಟಿಫುಲ್ ಗೋಸ್ಟ್ಸ್’ ಅವಳ ಬಾಯಿಗೆ ಸಿಕ್ಕಿದೆ. ‘ಮೆಮರಿ’ ಹಾಡುವವಳಿಗೆ ನೆನಪುಗಳಾದರೂ ಇವೆ, ನನಗೆ ಅದೂ ಇಲ್ಲ ಅನ್ನುವ ಭಾವದ ಹಾಡು. ಹೇವರ್ಡ್ ಪಳಗಿದ ಗಾಯಕಿಯಲ್ಲ, ದನಿ ತೆಳು. ಆ ಪಾತ್ರಕ್ಕೆ ಅದೇ ಸರಿ.

ಬರೀ ಹಾಡು ಸಾಕು ಅನ್ನುವವರಿಗೆ 1981ರ ಲಂಡನ್ ತಂಡದ ಆಲ್ಬಂ ಇದೆ, ಅದನ್ನೂ ಕೇಳಿದ್ದೇನೆ. ಕೆಲಸ ಮಾಡುತ್ತಾ ಕೇಳಲು ಅದಕ್ಕಿಂತ ಒಳ್ಳೆಯದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆಯಲ್ಲಿ ಮಕ್ಕಳಿದ್ದು ಎಲ್ಲರೂ ಒಟ್ಟಿಗೆ ಕೂತು ನೋಡುವುದಾದರೆ, ಅಥವಾ ನೀವು ನೃತ್ಯ ಕಲಿಯುವವರಾಗಿದ್ದರೆ, 1998ರದ್ದು. ನನ್ನ ಹಾಗೆ ರಾತ್ರಿ ಒಬ್ಬರೇ ಕೂರುವವರಾದರೆ, ಒಂದೇ ಚಿತ್ರವನ್ನು ಹತ್ತು ಸಲ ನೋಡುವ ಅಭ್ಯಾಸವಿದ್ದರೆ, ಒಳ್ಳೆಯ ಹೆಡ್‌ಫೋನು ಮನೆಯಲ್ಲಿದ್ದರೆ, ಹೊಸದು. ಮೊದಲು ಬಾಡಿಗೆಗೆ ತೆಗೆದುಕೊಳ್ಳಿ. ಎರಡನೆಯ ಸಲ ನೋಡಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ.

ಒಂದು ಮಾತು ಕೊನೆಗೆ ಅಂತಲೇ ಇಟ್ಟುಕೊಂಡಿದ್ದೆ. 1981ರಲ್ಲಿ ಈ ನಾಟಕ ಲಂಡನ್ನಿನಲ್ಲಿ ಸಿದ್ಧವಾಗುತ್ತಿದ್ದಾಗ ‘ಮೆಮರಿ’ ಹಾಡಬೇಕಿದ್ದ ಗ್ರಿಜಬೆಲ್ಲಾ ಪಾತ್ರ ಸಿಕ್ಕಿದ್ದು ಜೂಡಿ ಡೆಂಚ್ ಅವರಿಗೆ. ತಾಲೀಮಿನಲ್ಲಿ ಅವರ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಪಾತ್ರ ಕೈತಪ್ಪಿ ಎಲೇನ್ ಪೇಜ್ ಅವರಿಗೆ ಹೋಯಿತು. ಮೇ 11ಕ್ಕೆ ನಾಟಕ ತೆರೆ ಕಂಡಿತು, ಲಂಡನ್ನಿನಲ್ಲೇ 21 ವರ್ಷ ನಡೆಯಿತು. 1998ರ ವಿಡಿಯೊದಲ್ಲಿ ಹಾಡುವವರು ಅದೇ ಎಲೇನ್ ಪೇಜ್, ಸ್ವರ ಒಂದಿಷ್ಟೂ ಅಲುಗದ ಹಾಡುಗಾರಿಕೆ. 2019ರದ್ದರಲ್ಲಿ ಇರುವವರು ಪಾತ್ರ ಕಳೆದುಕೊಂಡ ಜೂಡಿ ಡೆಂಚ್. ಮೊದಲಿಂದ ಗಂಡು ಬೆಕ್ಕಾಗಿದ್ದ ಹಿರಿಯ ಡ್ಯೂಟರಾನಮಿಯನ್ನು ಅವರಿಗಾಗಿ ಹೆಣ್ಣು ಮಾಡಿದರು. ಚಿತ್ರೀಕರಣದ ಹೊತ್ತಿಗೆ ಅವರಿಗೆ 84.

ಚಿತ್ರದ ಕಡೆಯ ಹಾಡಿನಲ್ಲಿ ಅವರು ನೇರವಾಗಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು, ಬೆಕ್ಕನ್ನು ಹೇಗೆ ಮಾತನಾಡಿಸಬೇಕು ಅಂತ ನಮಗೇ ಹೇಳುತ್ತಾರೆ. ಚಿತ್ರಮಂದಿರಗಳಲ್ಲಿ ಜನ ಇದಕ್ಕೂ ನಕ್ಕರಂತೆ. ನನಗೆ ಕಾಣುವುದು 38 ವರ್ಷ ತಡವಾಗಿ ಈ ಬೆಕ್ಕುಗಳ ನಡುವೆ ಬಂದು ನಿಂತ ಒಬ್ಬ ಹೆಂಗಸು. ದನಿ ಒಡೆದಿದೆ, ಉಸಿರು ಗಿಡ್ಡವಾಗಿದೆ, ಆದರೂ ಒಂದೊಂದು ಪದವನ್ನೂ ಕೈಗೆ ಕೊಡುವ ಹಾಗೆ ಬಿಡಿಸಿ ಹೇಳುತ್ತಾರೆ. ಮೊನ್ನೆ ರಾತ್ರಿ ಮತ್ತೆ ಅಲ್ಲಿಗೆ ಬಂದಾಗ ಅವರು ತೀರ ಪಿಸುಮಾತಿಗೆ ಇಳಿದರು. ಸದ್ದು ಏರಿಸಲಿಲ್ಲ. ಹೆಡ್‌ಫೋನನ್ನು ಎರಡೂ ಅಂಗೈಯಿಂದ ಕಿವಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತೆ.