ಭಾವನ ಜಿಟಿಒ: ಕಾರ್ಬೊರೇಟರಾ ಇಂಜೆಕ್ಷನ್ನಾ, ಡ್ರಮ್ಮಾ ಡಿಸ್ಕಾ?

1966ರ ಪಾಂಟಿಯಾಕ್ ಜಿಟಿಒ, ಅಂದರೆ ದೊಡ್ಡ ಇಂಜಿನ್ನಿನ ಹಳೇ ಅಮೆರಿಕನ್ ಕಾರು, ಬಿಚ್ಚಿಕೊಂಡು ಕೂತವರಿಗೆ ಬಿಡಿಭಾಗ ಸಿಗುವುದಿಲ್ಲ ಅನ್ನುವ ಚಿಂತೆ ಬೇಡ. ಆ ಒಂದೇ ಮಾಡೆಲ್ ವರ್ಷದಲ್ಲಿ 96,946 ಕಾರು ಮಾರಾಟವಾಗಿದ್ದವು. ಜಿಟಿಒ ಮುಂದೆಂದೂ ಆ ಲೆಕ್ಕ ಮುಟ್ಟಲಿಲ್ಲ. ಹಾಗಾಗಿ ಬಾಗಿಲ ರಬ್ಬರಿನಿಂದ ಡಿಕ್ಕಿಯ ತಳದ ತಗಡಿನವರೆಗೆ ಎಲ್ಲವನ್ನೂ ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ತಲೆನೋವು ಶುರುವಾಗುವುದೇ ಅಲ್ಲಿಂದ. ಪ್ರತಿ ಕೆಲಸಕ್ಕೂ ಎರಡು ಮೂರು ದಾರಿ, ಪ್ರತಿ ದಾರಿಗೂ ಒಂದೊಂದು ಮಠ, ಒಂದು ಮಠದವರಿಗೆ ಇನ್ನೊಂದು ಮಠದವರನ್ನು ಕಂಡರಾಗದು. ನಾವು ಕೆಲವನ್ನು ಎರಡೂ ರೀತಿ ಹಾಕಿ, ಓಡಿಸಿ ನೋಡಿದೆವು. ನೋಡಿದ್ದು ಹೀಗಿದೆ.

ಕಾರು ನಮ್ಮ ಭಾವನಿಗೆ. ಎಪ್ಪತ್ತರ ದಶಕದ ಮೊದಲಲ್ಲಿ ಹಾಸನದ ಕಡೆಯಿಂದ ಓದಲು ಡೆಟ್ರಾಯಿಟ್‌ಗೆ ಬಂದವರು. 1973ರ ತೈಲ ಬಿಕ್ಕಟ್ಟಿನಲ್ಲಿ ಎಂಟು ಸಿಲಿಂಡರಿನ ದೊಡ್ಡ ವಿ8 ಕಾರುಗಳನ್ನು ಕೇಳುವವರೇ ಇಲ್ಲದಾಗ, ವಿದ್ಯಾರ್ಥಿಯ ಜೇಬಿಗೆ ಎಟುಕುವ ಬೆಲೆಗೆ ಒಂದು ಕೆಂಪು ಜಿಟಿಒ ಸಿಕ್ಕಿತ್ತಂತೆ. ಮಗಳು ಹುಟ್ಟಿದ ಮೇಲೆ ಮಾರಿ ಸ್ಟೇಷನ್ ವ್ಯಾಗನ್ ತಗೊಂಡರು. ಈಗ ಅವರಿಗೆ ಎಪ್ಪತ್ತೈದು ದಾಟಿದೆ, ಎಡ ಮಂಡಿ ಬದಲಾಯಿಸಿದ್ದಾರೆ. ಅದೇ ಮಗಳೂ ನಾನೂ ಸೇರಿ ಕೊಂಡು ತಂದದ್ದು ಅವರ ಹಳೇ ಕಾರಲ್ಲ, ಅದೇ ವರ್ಷದ, ಅದೇ ಮಾಂಟೆರೊ ರೆಡ್ ಬಣ್ಣದ ಇನ್ನೊಂದು. ಆ ವರ್ಷ ಜಿಟಿಒಗೆ ಬರುತ್ತಿದ್ದ ಆಟೋಮ್ಯಾಟಿಕ್‌ಗೆ ಎರಡೇ ಗೇರು. ಮಂಡಿಯ ಕಾರಣಕ್ಕೆ ಅದನ್ನೇ ನೋಡೋಣವಾ ಅಂದದ್ದಕ್ಕೆ ಭಾವ, "ಎರಡು ಗೇರಿಂದೂ ಒಂದು ಜಿಟಿಒನಾ? ಸುಮ್ನಿರೋ" ಅಂದರು. ಅಲ್ಲಿಗೆ ಆ ಹೋಲಿಕೆ ಮುಗಿಯಿತು. ಕೈಯಿಂದ ಹಾಕುವ ನಾಲ್ಕು ಗೇರಿನ ಮನ್ಸಿ ಗೇರ್ ಡಬ್ಬಿಯೇ ಉಳಿಯಿತು.

ಎಲ್ಲಿಯ ಕಾರು ಕೊಳ್ಳಬೇಕು ಅನ್ನುವುದರಲ್ಲೂ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಾವಿರುವ ಮಿಷಿಗನ್‌ನಲ್ಲೇ ಇದ್ದ ಕಾರುಗಳನ್ನು ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ತಿಂದು ಹಾಕಿರುತ್ತದೆ. ಮೇಲೆ ಮಿರಮಿರ ಮಿಂಚಿದರೂ ಫ್ರೇಮಿನ ಒಳಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಆಚೆ ಬರುತ್ತದೆ. ನಮ್ಮದು ನ್ಯೂ ಮೆಕ್ಸಿಕೊದ ಒಣಹವೆಯ ಕಾರು. ಸೀಟು, ಡ್ಯಾಶ್‌ಬೋರ್ಡು ಬಿಸಿಲಿಗೆ ಹಪ್ಪಳವಾಗಿದ್ದವು, ತಗಡು ಮಾತ್ರ ಗಟ್ಟಿ. ಸೀಟಿನ ಕವರ್ ಹೊಲಿಸುವುದು ಸುಲಭ, ಫ್ರೇಮು ಬೆಸೆಯುವುದು ಕಷ್ಟ. ಸಾಗಣೆ ಖರ್ಚು ಸೇರಿಸಿದರೂ ದೂರದ ಕಾರೇ ಅಗ್ಗ.

ಇನ್ನು ನಿಜವಾದ ಜಗಳಕ್ಕೆ ಬರೋಣ. 389 ಘನ ಇಂಚಿನ ಇಂಜಿನ್, ಅಂದರೆ 6.4 ಲೀಟರ್, ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ, ಕಾರ್ಟರ್ ಕಂಪನಿಯ ನಾಲ್ಕು ಬಾಯಿಯ ಕಾರ್ಬೊರೇಟರ್. ಹೊಸದಾಗಿದ್ದಾಗ 335 ಅಶ್ವಶಕ್ತಿ. ಆಗಿನ ಸಂಪೀಡನ ಅನುಪಾತ, ಅಂದರೆ ಸಿಲಿಂಡರಿನೊಳಗೆ ಆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ, 10.75. ಸೀಸ ಬೆರೆತ ಪ್ರೀಮಿಯಂ ಪೆಟ್ರೋಲಿಗೆಂದು ಮಾಡಿದ್ದು. ಹಿಂದಿನ ಮಾಲೀಕರು ತಗ್ಗು ತಲೆಯ ಪಿಸ್ಟನ್ ಹಾಕಿಸಿ ಅದನ್ನು ಇಳಿಸಿದ್ದರಿಂದ ಇಲ್ಲಿ ಸಿಗುವ 93 ಆಕ್ಟೇನ್ ಸಾಕಾಗುತ್ತದೆ, ಇಂಜಿನ್ನಿನೊಳಗೆ ಬಡಿತ (ನಾಕಿಂಗ್) ಇಲ್ಲ.

ಮೊದಲು ಆ ಕಾರ್ಬೊರೇಟರನ್ನೇ ಬಿಚ್ಚಿ, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಓಡಿಸಿದೆವು. ಅದರ ದೊಡ್ಡ ಗುಣ ಅಂದರೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಅಳೆದು ಬಿಡುವ ಮೀಟರಿಂಗ್ ರಾಡ್‌ಗಳು ಮೇಲಿನಿಂದಲೇ ಕೈಗೆ ಸಿಗುತ್ತವೆ. ಒಂದು ಸ್ಕ್ರೂ ಸಡಿಲಿಸಿದರೆ ಆಯಿತು, ಪೆಟ್ರೋಲ್ ಖಾಲಿ ಮಾಡಬೇಕಿಲ್ಲ, ಕಾರ್ಬೊರೇಟರ್ ಇಳಿಸಬೇಕಿಲ್ಲ. ರಸ್ತೆ ಪಕ್ಕ ನಿಂತು ರಾಡ್ ಬದಲಿಸಿ ಮತ್ತೆ ಹೊರಡಬಹುದು. ಪಿಕಪ್ ಬಗ್ಗೆ ದೂರಿಲ್ಲ: ಅರ್ಧ ಒತ್ತಿದಾಗ ಎರಡು ಬಾಯಿ, ಪೂರ್ತಿ ಒತ್ತಿದಾಗ ಹಿಂದಿನ ಎರಡೂ ತೆರೆದು ಬಾನೆಟ್ ಒಳಗಿಂದ ಬರುವ ಆ ಗುಟುರು ಬೇರೆ ಯಾವುದರಲ್ಲೂ ಇಲ್ಲ.

ತೊಂದರೆ ಕಾರು ನಿಂತಾಗ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಎಥನಾಲ್. ಬೇಗ ಆವಿಯಾಗುತ್ತದೆ, ಹಳೇ ರಬ್ಬರ್ ಪೈಪುಗಳನ್ನೂ ಕೆಡಿಸುತ್ತದೆ. ಒಂದೆರಡು ವಾರ ನಿಲ್ಲಿಸಿದರೆ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು (ಬೌಲ್) ಒಣಗಿ, ಇಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪು ಮತ್ತೆ ಪೆಟ್ರೋಲ್ ಎಳೆಯುವವರೆಗೆ ಸ್ಟಾರ್ಟರ್ ತಿರುಗಿಸುತ್ತಲೇ ಇರಬೇಕು. ಬಿಸಿಯಲ್ಲಿ ಆಫ್ ಮಾಡಿದರೆ ಬೌಲಿನೊಳಗೆ ಕುದಿಯುತ್ತದೆ, ಗ್ಯಾರೇಜು ತುಂಬ ವಾಸನೆ, ಅಲ್ಲಿಂದ ಅಡುಗೆಮನೆಗೆ. ಅಕ್ಕನ ಮತ, ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ಗೆ ಬಿದ್ದದ್ದು ಇದೇ ಕಾರಣಕ್ಕೆ.

ಹಾಗಾಗಿ ಒಂದು ಬೇಸಿಗೆ ಇಂಜೆಕ್ಷನ್ ಹಾಕಿದೆವು. ಕಾರ್ಬೊರೇಟರ್ ಕೂರುವ ಜಾಗದಲ್ಲೇ ಕೂರುವ ಥ್ರಾಟಲ್ ಬಾಡಿ ಕಿಟ್. ಜಾಹೀರಾತಿನಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ. ನಿಜದಲ್ಲಿ ಕಿಟ್ಟಿನ ಆಚೆಯ ಕೆಲಸವೇ ಜಾಸ್ತಿ. ಕಾರ್ಬೊರೇಟರಿಗೆ 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸಾಕು. ಇದಕ್ಕೆ 58ರ ಆಸುಪಾಸು ಬೇಕು. ಅಂದರೆ ಹಳೇ ಪಂಪು ತೆಗೆದು ಅದರ ಕಿಂಡಿ ಮುಚ್ಚಿ, ಒಳಗೇ ಪಂಪಿರುವ ಹೊಸ ಟ್ಯಾಂಕು, ಒತ್ತಡ ತಡೆಯುವ ಹೊಸ ಲೈನು, ಸೈಲೆನ್ಸರ್ ಪೈಪಿಗೆ ತೂತು ಕೊರೆದು ಆಕ್ಸಿಜನ್ ಸೆನ್ಸರ್, ಜಾಸ್ತಿ ಕರೆಂಟ್ ಕೊಡುವ ಆಲ್ಟರ್ನೇಟರ್. ಎಲ್ಲ ಸೇರಿ ಎರಡು ಸಾವಿರ ಡಾಲರ್ ದಾಟಿತು. ಹೊಸ ಕಾರ್ಬೊರೇಟರೇ ತಂದರೂ ಅದರ ಕಾಲು ಭಾಗ ಆಗುತ್ತಿತ್ತು.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿದ ಕ್ಷಣ ಸ್ಟಾರ್ಟ್. ಚೋಕಿನ ಗೊಡವೆಯಿಲ್ಲ, ವಾಸನೆ ಹೋಯಿತು, ಮೈಲೇಜೂ ಸ್ವಲ್ಪ ಏರಿತು. ಆದರೆ ಇಂಜೆಕ್ಷನ್ನಿನ ಪುಟ್ಟ ಕಂಪ್ಯೂಟರಿಗೆ ಇಗ್ನಿಷನ್ ವೈರಿನ ವಿದ್ಯುತ್ ಗದ್ದಲ ಆಗಿಬರುವುದಿಲ್ಲ. ಕಾಯಿಲ್ ವೈರ್ ಹತ್ತಿರ ಹಾದರೆ ತಲೆ ಕೆಟ್ಟು ಇಂಜಿನ್ ನಿಲ್ಲಿಸುತ್ತದೆ. ಅರ್ತಿಂಗ್ ನೇರ ಬ್ಯಾಟರಿಗೇ ಕೊಟ್ಟು, ವೈರುಗಳನ್ನು ದೂರ ಎಳೆದ ಮೇಲೂ ಒಮ್ಮೊಮ್ಮೆ ಕಾರಣವಿಲ್ಲದೆ ಮಿಸ್ಸಿಂಗ್. ಆಗಸ್ಟ್‌ನ ಮೂರನೇ ಶನಿವಾರ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂದಲ್ಲಿ, 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್‌ನಲ್ಲಿ, ಸುಡು ಬಿಸಿಲಿಗೆ ಸಾಲುಗಟ್ಟಿ ತೆವಳುವಾಗ ಪಂಪಿನ ಕುಂಯ್‌ಗುಟ್ಟುವಿಕೆ ಇಂಜಿನ್ ಸದ್ದಿನ ಮೇಲೆ ಕೇಳುತ್ತಿತ್ತು. ಭಾವ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ, "ಚೆನ್ನಾಗಿದೆ ಕಣೋ, ನಮ್ಮನೆ ಟೊಯೋಟಾ ಹಂಗೇ ಸ್ಟಾರ್ಟ್ ಆಗುತ್ತೆ" ಅಂದರು. ಹೊಗಳಿಕೆಯಲ್ಲ ಅಂತ ಅಕ್ಕನಿಗೂ ಗೊತ್ತಾಯಿತು.

ಕೊನೆಗೆ ಕಾರ್ಟರ್ ವಾಪಸ್ಸು ಬಂತು. ಈ ಸಲ ಅದರ ಕೆಳಗೆ ಶಾಖ ತಡೆಯುವ ದಪ್ಪ ಸ್ಪೇಸರ್, ಎಥನಾಲ್ ತಾಳುವ ಪೈಪು ಹಾಕಿದ್ದರಿಂದ ವಾಸನೆ ಬಹುಪಾಲು ಇಳಿದಿದೆ, ಪೂರ್ತಿ ಹೋಗಿಲ್ಲ. ಹಳೇ ಟ್ಯಾಂಕು, ಪಂಪು ಎಸೆಯದೆ ಇಟ್ಟುಕೊಂಡಿದ್ದರಿಂದ ಹಿಂತಿರುಗುವುದು ಕಷ್ಟವಾಗಲಿಲ್ಲ. ನೀವು ಕೊಲೊರಾಡೊ ಕಡೆ ಇದ್ದು ಬೆಟ್ಟ ಹತ್ತಿ ಇಳಿಯುವವರಾದರೆ ಅಥವಾ ಕಾರನ್ನು ದಿನವೂ ಆಫೀಸಿಗೆ ಒಯ್ಯುವವರಾದರೆ ನನ್ನ ತೀರ್ಪು ಉಲ್ಟಾ. ಎತ್ತರ ಬದಲಾದಂತೆ ಮಿಶ್ರಣ ತಾನೇ ಹೊಂದಿಸಿಕೊಳ್ಳುವುದು ಇಂಜೆಕ್ಷನ್ ಮಾತ್ರ. ಮಿಷಿಗನ್ ತಟ್ಟೆಯ ಹಾಗೆ ಚಪ್ಪಟೆ, ಭಾವ ಓಡಿಸುವುದು ಭಾನುವಾರ.

ಬ್ರೇಕಿನ ವಿಷಯದಲ್ಲಿ ನಾನು ಹಳೆಯದರ ಪರ ಅಲ್ಲವೇ ಅಲ್ಲ. 1966ರ ಜಿಟಿಒಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮು. ಡಿಸ್ಕು ಬೇಕೆಂದು ಕೇಳಿ ಹಾಕಿಸಿಕೊಳ್ಳಲು ಸಾಧ್ಯವಾದದ್ದು 1967ರಲ್ಲಿ. ಅದಕ್ಕಿಂತ ಭಯದ ಸಂಗತಿ ಎಂದರೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಯಾವುದೋ ಒಂದು ಚಕ್ರದ ವೀಲ್ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಯಿತು.

ಡ್ರಮ್ಮುಗಳನ್ನು ಸರಿಯಾಗಿಯೇ ಮಾಡಿದೆವು. ಹೊಸ ವೀಲ್ ಸಿಲಿಂಡರ್, ಡ್ರಮ್ಮಿನ ಬಾಗಿಗೆ ಉಜ್ಜಿ ಹೊಂದಿಸಿದ ಶೂ, ತಾನೇ ಹೊಂದಿಸಿಕೊಳ್ಳುವ ಅಡ್ಜಸ್ಟರ್. ಖಾಲಿ ರಸ್ತೆಯಲ್ಲಿ ಗಂಟೆಗೆ 60 ಮೈಲಿಯಿಂದ ಮೊದಲ ಸಲ ಒತ್ತಿದರೆ ಡ್ರಮ್ಮು ಚೆನ್ನಾಗಿಯೇ ಕಚ್ಚಿಕೊಂಡಿತು. ತಣಿಯಲು ಬಿಡದೆ ಮತ್ತೆ ಮತ್ತೆ ಒತ್ತಿದಾಗ ಗುಟ್ಟು ರಟ್ಟಾಯಿತು: ಪೆಡಲ್ ಗಟ್ಟಿಯಾಗಿಯೇ ಇದೆ, ಕಾರು ಮಾತ್ರ ನಿಲ್ಲಲೊಲ್ಲದು. ನೀರು ನಿಂತ ಕಡೆ ಹಾದರೆ ಒಂದು ಪಕ್ಕಕ್ಕೆ ಎಳೆತ.

ನಡುವಿನ ದಾರಿಯೂ ಒಂದಿದೆ. ಡ್ರಮ್ಮು ಹಾಗೇ ಇಟ್ಟು, 1967ರ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಮಾತ್ರ ಹಾಕುವುದು. ಒಂದೆರಡು ಲೈನು ಬದಲಿಸಿದರೆ ಕೆಲಸ ಮುಗಿಯಿತು, ಖರ್ಚು ಕಡಿಮೆ, ನೋಡಲೂ ಹಳೇ ಕಾರೇ. ಪ್ರದರ್ಶನಕ್ಕಷ್ಟೇ ಇಡುವ ಕಾರಾದರೆ ಇಷ್ಟಾದರೂ ಮಾಡಿ. ಮೊದಲ ಮಳೆಗಾಲಕ್ಕೆ ನಾವೂ ಹೀಗೇ ಓಡಿಸಿದೆವು. ಸೋರಿಕೆಯ ಭಯ ಹೋಯಿತು, ಬಿಸಿಯಾದಾಗ ಬ್ರೇಕು ಸೋಲುವುದು ಹಾಗೇ ಉಳಿಯಿತು.

ಈಗ ಮುಂದಿನ ಎರಡಕ್ಕೆ ಡಿಸ್ಕು, ಪೆಡಲಿಗೆ ಬಲ ಕೂಡಿಸುವ ವ್ಯಾಕ್ಯೂಮ್ ಬೂಸ್ಟರ್, ಹಿಂದಿನ ಡ್ರಮ್ಮಿಗೆ ಒತ್ತಡ ಹಂಚುವ ವಾಲ್ವು. ಸಾವಿರ ಡಾಲರಿನ ಆಸುಪಾಸು. ಕೊಳ್ಳುವ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ಒಂದು, ಮೂಲದ 14 ಇಂಚಿನ ಚಕ್ರ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗುತ್ತದೋ ಇಲ್ಲವೋ ಅನ್ನುವುದು ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಇನ್ನೊಂದು, ಬ್ರೇಕ್ ಪೆಡಲಿಗೆ ಎರಡು ತೂತಿವೆ: ಮೇಲಿನದು ಬೂಸ್ಟರ್ ಇಲ್ಲದ ಬ್ರೇಕಿಗೆ, ಕೆಳಗಿನದು ಬೂಸ್ಟರಿಗೆ. ಬೂಸ್ಟರ್ ಕೂರಿಸಿ ರಾಡನ್ನು ಮೇಲಿನ ತೂತಿನಲ್ಲೇ ಬಿಟ್ಟರೆ ಕಾಲು ಸೋಕಿದರೆ ಸಾಕು, ಮುಗ್ಗರಿಸಿದಂತೆ ನಿಲ್ಲುತ್ತದೆ. ಸರಿಯಾಗಿ ಹೊಂದಿಸಿದ ಮೇಲೆ ಭಾವನಿಗೂ ತಕರಾರಿಲ್ಲ. "ಇದು ಆವತ್ತೇ ಇದ್ದಿದ್ರೆ ಮಾರ್ತಾನೇ ಇರಲಿಲ್ಲ" ಅಂದರು. ಅಕ್ಕ ನಂಬಲಿಲ್ಲ.

ಇಗ್ನಿಷನ್‌ನಲ್ಲಿ ಪಾಯಿಂಟ್ಸೇ ಇರಲಿ ಅಂತ ಭಾವ ಹಟ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅಂಬಾಸಿಡರ್, ಜಾವಾ ಕಾಲದವರಿಗೆ ಗೊತ್ತಿರುವ, ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಅದೇ ಸಿಬಿ ಪಾಯಿಂಟ್. ಜನರಲ್ ಮೋಟಾರ್ಸ್‌ನವರು ಇದಕ್ಕೊಂದು ಜಾಣತನದ ಏರ್ಪಾಡು ಮಾಡಿದ್ದರು: ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲೇ ಸಣ್ಣ ಕಿಟಕಿ, ಇಂಜಿನ್ ಓಡುತ್ತಿರುವಾಗಲೇ ಆಲನ್ ಕೀ ತೂರಿಸಿ ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಅವಧಿಯನ್ನು, 30 ಡಿಗ್ರಿಗೆ ತರಬಹುದು. ಹೊಂದಿಸುವ ಸುಖವೇ ಬೇರೆ. ಆದರೆ ಭಾವನ ನೆನಪಿನಲ್ಲಿರುವುದು ಆ ಸುಖವಲ್ಲ, ಜನವರಿಯ ಡೆಟ್ರಾಯಿಟ್‌ನಲ್ಲಿ ಮಂಜು ಕೊಡವುತ್ತಾ ಪಾಯಿಂಟ್ ಉಜ್ಜಿದ್ದು. "ಬೇಡ ಮಾರಾಯ, ಅದನ್ನ ಕಿತ್ತು ಹಾಕು."

ಕ್ಯಾಪಿನ ಒಳಗೆ ಅಡಗುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದೆವು, ಹೊರಗಿಂದ ಗುರುತೇ ಸಿಗದು. ಪಾಯಿಂಟ್ಸ್‌ಗೆ ವೋಲ್ಟೇಜ್ ಇಳಿಸಿ ಕೊಡುವ ರೆಸಿಸ್ಟೆನ್ಸ್ ವೈರು ಮೂಲದ ವೈರಿಂಗಿನಲ್ಲೇ ಸೇರಿಕೊಂಡಿರುತ್ತದೆ. ಮಾಡ್ಯೂಲಿಗೆ ಪೂರ್ತಿ 12 ವೋಲ್ಟು ಬೇಕಾದ್ದರಿಂದ ಬೇರೆ ವೈರ್ ಎಳೆಯಬೇಕು. ಐಡ್ಲಿಂಗ್ ನಯವಾಯಿತು. ಒಂದೇ ಆತಂಕ: ಪಾಯಿಂಟ್ಸ್ ಸಾಯುವಾಗ ವಾರಗಟ್ಟಲೆ ಕೆಮ್ಮಿ ಮುನ್ಸೂಚನೆ ಕೊಡುತ್ತವೆ, ಮಾಡ್ಯೂಲ್ ಹೇಳದೆ ಕೇಳದೆ ಹೋಗುತ್ತದೆ. ಹಳೇ ಪ್ಲೇಟು, ಕಂಡೆನ್ಸರ್ ಗ್ಲವ್ ಬಾಕ್ಸಿನಲ್ಲಿವೆ.

ಬಣ್ಣದಲ್ಲಿ ಮೂಲ ಅಕ್ರಿಲಿಕ್ ಲ್ಯಾಕರ್ ಕೈಬಿಟ್ಟೆವು. ಡಿಕ್ಕಿ ಮುಚ್ಚಳದ ಒಳಮೈಯಲ್ಲಿ ಅರ್ಧಕ್ಕೆ ಬಣ್ಣದ ಮೇಲೆ ಕ್ಲಿಯರ್ ಕೋಟು, ಅರ್ಧಕ್ಕೆ ಕ್ಲಿಯರ್ ಕೋಟಿಲ್ಲದ ಒಂದೇ ಹಂತದ ಯುರೆಥೇನ್ ಬಣ್ಣ ಹೊಡೆಸಿ ನೋಡಿದಾಗ ಮೊದಲನೆಯದು ಸದಾ ಒದ್ದೆಯಾದಂತೆ ಹೊಳೆಯಿತು. ಈಗಿನ ಕಾರಿಗೆ ಅದು ಸರಿ, ಇದಕ್ಕಲ್ಲ. ಮೆಟಾಲಿಕ್ ಅಲ್ಲದ ಕೆಂಪಾದ್ದರಿಂದ ಯುರೆಥೇನನ್ನು ಉಜ್ಜಿ ಪಾಲಿಶ್ ಮಾಡುವುದೂ ಸಲೀಸು. ಎರಡರಲ್ಲೂ ಉಸಿರಿಗೆ ಅಪಾಯವಾದ ಐಸೊಸಯನೇಟ್ ಇರುವುದರಿಂದ ಮನೆ ಗ್ಯಾರೇಜಿನಲ್ಲಿ ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯುವ ಕೆಲಸವಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಇರುವ ಪೇಂಟ್ ಬೂತಿಗೇ ಕೊಡಿ. ಟೈರಿನಲ್ಲಿ ಹೋಲಿಸುವುದೇನಿಲ್ಲ: ಹಳೇ ಬಗೆಯ ಬಯಾಸ್ ಪ್ಲೈ ಟೈರು ರಸ್ತೆಯ ಪ್ರತಿ ಗೀರಿನ ಹಿಂದೆ ಓಡುತ್ತದೆ, ಕೆಂಪು ಗೆರೆಯ ರೇಡಿಯಲ್ ಈಗ ಸಿಗುತ್ತದೆ.

ಉಳಿದಿರುವುದು ಸೀಟ್ ಬೆಲ್ಟ್. ಈ ಕಾರಿಗೆ ಬಂದದ್ದು ಸೊಂಟದ ಬೆಲ್ಟ್ ಮಾತ್ರ. ಭುಜದ ಬೆಲ್ಟ್ ಇಲ್ಲಿ ಕಡ್ಡಾಯವಾದದ್ದು 1968ರಲ್ಲಿ. ಹಾರ್ಡ್‌ಟಾಪ್ ಆದ್ದರಿಂದ ಬಾಗಿಲ ಹಿಂದೆ ಕಂಬವಿಲ್ಲ, ಮೇಲಿನ ತುದಿಯನ್ನು ಚಾವಣಿಯ ಅಂಚಿನ ಉಕ್ಕಿಗೇ ಬಿಗಿಯಬೇಕು. ಭುಜದ ಬೆಲ್ಟ್ ಬರುವವರೆಗೆ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ ಅಂತ ಅಕ್ಕ ಹೇಳಿಯಾಗಿದೆ. ಅದಕ್ಕೆ ಚಾವಣಿಯ ಒಳಹೊದಿಕೆ, ಅಂದರೆ ಹೊಸ ಹೆಡ್‌ಲೈನರ್ ಬಿಚ್ಚಬೇಕು. ಅದನ್ನು ಒಂದು ಸುಕ್ಕೂ ಇಲ್ಲದಂತೆ ಕೂರಿಸಿದವಳು ಅಕ್ಕನ ಮಗಳು. ಅವಳಿಗೆ ಈ ಸುದ್ದಿ ಹೇಳುವ ಕೆಲಸವನ್ನು ಭಾವನಿಗೇ ಬಿಟ್ಟಿದ್ದೇನೆ.