ಕರೆಂಟಿಲ್ಲದ ದಿನಕ್ಕೊಂದು, ಕರೆಂಟಿರುವ ದಿನಕ್ಕೊಂದು: ನಾನು ಬಳಸಿದ ಎರಡು ಪಾಠಸಾಮಗ್ರಿಗಳು

ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಪಠ್ಯಪುಸ್ತಕದಲ್ಲಿ ಇತಿಹಾಸ, ಭೂಗೋಳಗಳ ಜೊತೆಗೆ ವ್ಯವಹಾರ ಅಧ್ಯಯನವೂ ಒಂದು ಭಾಗ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಎರಡು ವರ್ಷಗಳ ಹಿಂದೆ ಕಂಪ್ಯೂಟರ್ ಕೊಠಡಿಯ ಬೀಗದ ಕೈಯೂ ನನ್ನ ಕೈಗೆ ಬಂತು. ಒಳಗೆ ಹತ್ತು ಯಂತ್ರಗಳು, ನಡೆಯುವುದು ಐದು. ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್ ಮುಗಿಯುವವರೆಗೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಎರಡು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ನಿಂತು ಬಾಳಿದ ಎರಡು ಸಾಮಗ್ರಿಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡೂ ಉಚಿತ.

ದುಡ್ಡು ಕೊಟ್ಟು ತಂದದ್ದರ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಒಂದು ಕಂಪನಿಯವರು ಶಾಲೆಗೇ ಬಂದು, ಕಂಪ್ಯೂಟರ್ ಮತ್ತು ವ್ಯವಹಾರ ಎರಡಕ್ಕೂ ಕನ್ನಡದಲ್ಲಿ ಪಾಠಗಳಿವೆ ಎಂದು ಒಂದು ಪೆನ್‌ಡ್ರೈವ್ ಮಾರಿದರು. ಲೆಕ್ಕದ ಹಾಳೆಯ (ಸ್ಪ್ರೆಡ್‌ಶೀಟ್) ಪಾಠ ಹಾಕಿದೆ. ಇಂಗ್ಲಿಷಿನಲ್ಲಿ ‘ಸೆಲ್’ ಎನ್ನುವ ಪ್ರತಿ ಚೌಕವನ್ನೂ ಅದು ‘ಜೀವಕೋಶ’ ಎಂದು ಕರೆಯಿತು. ‘ಮೇಡಂ, ಇದು ವಿಜ್ಞಾನದ ಪಾಠವೇ?’ ಎಂದು ಮುಂದಿನ ಬೆಂಚಿನ ಹುಡುಗ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ನನಗೆ ನಿಜವಾಗಿಯೂ ಸಿಟ್ಟು ಬಂತು. ಕನ್ನಡ ಓದುವ ಒಬ್ಬರ ಕಣ್ಣಿಗೂ ಬೀಳದೆ ಮಕ್ಕಳ ಮುಂದೆ ಬಂದ ಪಾಠ ಅದು. ಫೋನು ಮಾಡಿ ಹೇಳಿದೆ. ಸರಿಪಡಿಸುತ್ತೇವೆ ಎಂದವರು ಮತ್ತೆ ಮಾತನಾಡಲಿಲ್ಲ.

ಈಗ ಒಳ್ಳೆಯದಕ್ಕೆ ಬರುತ್ತೇನೆ. ಕರೆಂಟಿಲ್ಲದ ದಿನಗಳಿಗೆ ನಾನು ನೆಚ್ಚಿಕೊಂಡಿರುವುದು ‘ಸಿಎಸ್ ಅನ್‌ಪ್ಲಗ್ಡ್’. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರು ನಡೆಸಿಕೊಂಡು ಬಂದಿರುವ ಚಟುವಟಿಕೆಗಳ ಸಂಗ್ರಹ ಇದು. ಕಂಪ್ಯೂಟರ್ ಮುಟ್ಟದೆ ಕಂಪ್ಯೂಟರ್ ವಿಜ್ಞಾನ ಕಲಿಸುವುದು ಇದರ ಉದ್ದೇಶ. ಕಾರ್ಡು, ಸೀಮೆಸುಣ್ಣ, ಅಂಗಳವಿದ್ದರೆ ಸಾಕು.

ಮೊದಲ ಆಟಕ್ಕೆ ಐದು ಕಾರ್ಡುಗಳು ಬೇಕು. ಅವುಗಳ ಮೇಲೆ 1, 2, 4, 8, 16 ಚುಕ್ಕೆಗಳು. ಐದು ಮಕ್ಕಳು ಸಾಲಾಗಿ ನಿಂತು, ಬೇಕಾದ ಕಾರ್ಡನ್ನು ತೋರಿಸಿ ಉಳಿದವನ್ನು ಮಗುಚಿ ಹಿಡಿಯುತ್ತಾರೆ. 21 ಬೇಕೆಂದರೆ 16, 4 ಮತ್ತು 1. ತೋರಿಸಿದ್ದು ಒಂದು, ಮಗುಚಿದ್ದು ಸೊನ್ನೆ, ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವುದು ಹೀಗೆಯೇ. ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಹಣೆಗಿಡುವ ಬಿಂದಿಗಳನ್ನು ಅಂಟಿಸಿ ನಾನು ಕಾರ್ಡು ಮಾಡಿಕೊಂಡೆ. ಐದು ಕಾರ್ಡು ಸೇರಿ 31ರವರೆಗೆ ಎಣಿಸಬಹುದು. ಇಂಗ್ಲಿಷಿನ 26 ಅಕ್ಷರಗಳಿಗೆ ಅಷ್ಟು ಧಾರಾಳ. ಆಟದ ಮುಂದಿನ ಹಂತವೇ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಗುಟ್ಟಿನ ಸಂದೇಶ ಕಳಿಸುವುದು.

ನಮ್ಮ ಮಕ್ಕಳು ಕನ್ನಡದಲ್ಲಿ ಕಳಿಸಲು ಹೊರಟರು. ಅ ಒಂದು, ಆ ಎರಡು ಎಂದು ಗೋಡೆಯ ವರ್ಣಮಾಲೆಗೆ ಸಂಖ್ಯೆ ಬರೆದುಕೊಂಡರು. ಕ ಹದಿನಾರನೆಯದು, ಒಂದೇ ಕಾರ್ಡಿನಲ್ಲಿ ಬಂತು, ಖುಷಿಪಟ್ಟರು. ‘ಮೂಡಿಗೆರೆ’ ಎಂದು ಬರೆಯಲು ಹೊರಟ ತಂಡ ಮೊದಲ ಅಕ್ಷರದಲ್ಲೇ ನಿಂತುಬಿಟ್ಟಿತು. ಮ ನಲವತ್ತನೆಯದು. ಐದು ಕಾರ್ಡುಗಳ ಹಿಡಿತ ತಕಾರಕ್ಕೆ ಮುಗಿಯುತ್ತದೆ, ಥಕಾರದಿಂದ ಮುಂದಕ್ಕೆ ದಾರಿಯಿಲ್ಲ. ನಾನು ಏನೂ ಹೇಳಲಿಲ್ಲ. ಎರಡು ನಿಮಿಷ ಗದ್ದಲವಾಯಿತು. ಆಮೇಲೆ ಸಾಮಾನ್ಯವಾಗಿ ಬಾಯಿಬಿಡದ ಒಬ್ಬ ಹುಡುಗಿ ಎದ್ದು, ‘ಮೇಡಂ, ಇನ್ನೊಂದು ಕಾರ್ಡು ಬೇಕು, 32 ಚುಕ್ಕೆಯದು’ ಎಂದಳು. ಅಲ್ಲೇ ಕುಳಿತು ಅಂಟಿಸಿದೆವು. ಆರು ಕಾರ್ಡಾದರೆ 63ರವರೆಗೆ ಹೋಗಬಹುದು, 49 ಅಕ್ಷರಗಳೂ ಹಿಡಿಯುತ್ತವೆ.

ಅವಳೇ ಮತ್ತೆ ಕೇಳಿದಳು: ಮಕಾರ ಸಿಕ್ಕಿತು, ಅದರ ಮುಂದಿನ ಊಕಾರದ ಕೊಂಬು ಎಲ್ಲಿ? ಯುನಿಕೋಡಿನ ಮಾತಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ, ಕಂಪ್ಯೂಟರುಗಳು ಬಳಸುವ ಪಟ್ಟಿ ಅದು. ಅದರಲ್ಲಿ ಕನ್ನಡಕ್ಕೆ ಮೀಸಲಾಗಿರುವ ಸ್ಥಾನಗಳು 128. ಕೊಂಬು, ಇಳಿ, ಏತ್ವ, ಒತ್ತು ಮಾಡುವ ಹಲಂತ, ಎಲ್ಲಕ್ಕೂ ಅವುಗಳದೇ ಸಂಖ್ಯೆ. ನಾವು ‘ಮೂಡಿಗೆರೆ’ಯನ್ನು ನಾಲ್ಕು ಅಕ್ಷರವೆಂದು ಓದುತ್ತೇವೆ, ಯಂತ್ರ ಅದನ್ನು ಎಂಟು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಇದಾವುದೂ ನ್ಯೂಜಿಲೆಂಡಿನ ಹಾಳೆಯಲ್ಲಿಲ್ಲ. ಆದರೆ ಇಲ್ಲಿಗೆ ಬರಲು ಜಾಗ ಬಿಟ್ಟಿರುವುದು ಆ ಹಾಳೆಯೇ. ಒಳ್ಳೆಯ ಸಾಮಗ್ರಿಯ ಗುಣ ಇದು ಎಂದು ನಾನು ನಂಬುತ್ತೇನೆ.

ಇನ್ನೊಂದು ಆಟ ನನ್ನ ವ್ಯವಹಾರದ ಪಾಠಕ್ಕೇ ಬಂದು ಸೇರಿಕೊಂಡಿತು. ಒಂದು ಬದಿ ಬಿಳಿ, ಇನ್ನೊಂದು ಬದಿ ಬಣ್ಣವಿರುವ ಕಾರ್ಡುಗಳನ್ನು ಐದು ಸಾಲು, ಐದು ಕಂಬಗಳಲ್ಲಿ ಒಬ್ಬರು ಮನಸ್ಸಿಗೆ ಬಂದಂತೆ ಜೋಡಿಸುತ್ತಾರೆ. ಶಿಕ್ಷಕರು ಆರನೆಯ ಸಾಲು, ಆರನೆಯ ಕಂಬ ಸೇರಿಸಿ, ಎಲ್ಲ ಕಡೆಯೂ ಬಣ್ಣದ ಕಾರ್ಡುಗಳು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳಬೇಕು. ನೀವು ಬೆನ್ನು ತಿರುಗಿಸಿದಾಗ ಮಗು ಒಂದು ಕಾರ್ಡನ್ನು ಮಗುಚುತ್ತದೆ. ಬೆಸವಾದ ಸಾಲು, ಬೆಸವಾದ ಕಂಬ ಎಲ್ಲಿ ಕೂಡುತ್ತವೆಯೋ ಅದೇ ಮಗುಚಿದ ಕಾರ್ಡು. ತಂದೆ ಅಂಗಡಿ ಇಟ್ಟಿರುವ ಒಬ್ಬ ಹುಡುಗ, ‘ಅಪ್ಪ ಅಡ್ಡ ಕೂಡಿ ಉದ್ದ ಕೂಡಿ ತಾಳೆ ನೋಡುತ್ತಾರಲ್ಲ, ಹಾಗೆಯೇ ಇದು’ ಎಂದ. ಹೌದು, ಹಾಗೆಯೇ. ಒಂದೇ ಸಾಲಿನಲ್ಲಿ ಎರಡು ಕಾರ್ಡು ಮಗುಚಿದರೆ ಆ ಸಾಲು ಸಮವಾಗಿಯೇ ಉಳಿಯುತ್ತದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಖರ್ಚು-ಜಮೆಗಳ ಮೊತ್ತ ಹೊಂದಿಸಿ ನೋಡುವ ತಾಳೆಪಟ್ಟಿ ಸರಿಬಂದ ಮಾತ್ರಕ್ಕೆ ಲೆಕ್ಕ ಸರಿಯಲ್ಲ ಎಂಬುದನ್ನು ಅಷ್ಟು ವರ್ಷ ಬಾಯಲ್ಲಿ ಹೇಳಿದ್ದೆ. ಅಂದು ನೆಲದ ಮೇಲೆ ಕಣ್ಣಿಗೆ ಕಂಡಿತು.

ಅಲ್ಲಿಂದ ಬಾರ್‌ಕೋಡಿಗೆ ಹೋದೆವು. ಗ್ರಾಹಕರ ಪಾಠಕ್ಕೆಂದು ಮಕ್ಕಳು ತಂದಿದ್ದ ಬಿಸ್ಕತ್ತಿನ ಪೊಟ್ಟಣಗಳಲ್ಲಿ ಬೆಲೆ, ತೂಕ, ತಯಾರಿಸಿದ ದಿನ ನೋಡಿಯಾಗಿತ್ತು. ಕೆಳಗಿನ ಹದಿಮೂರು ಅಂಕಿಗಳು ಉಳಿದಿದ್ದವು. ಎಡದಿಂದ ಒಂದು ಬಿಟ್ಟು ಒಂದು ಅಂಕಿಯನ್ನು, ಅಂದರೆ ಎರಡನೆಯದು, ನಾಲ್ಕನೆಯದು ಹೀಗೆ, ಮೂರರಿಂದ ಗುಣಿಸಿ, ಉಳಿದವನ್ನು ಹಾಗೆಯೇ ಸೇರಿಸಿದರೆ ಮೊತ್ತ ಹತ್ತರ ಗುಣಕವಾಗಬೇಕು. ಕೊನೆಯ ಅಂಕಿ ಇರುವುದೇ ಅದಕ್ಕಾಗಿ. ಇಪ್ಪತ್ತು ಪೊಟ್ಟಣಗಳೂ ತಾಳೆಯಾದವು. ಒಬ್ಬಳದು ಮಾತ್ರ ಮೊದಲ ಸಲ ಆಗಲಿಲ್ಲ, ಅವಳು ಒಂದು ಅಂಕಿಯನ್ನು ತಪ್ಪಾಗಿ ಬರೆದುಕೊಂಡಿದ್ದಳು.

ಕೊರತೆಯನ್ನೂ ಹೇಳಬೇಕು. ನಾನು ಬಳಸುವ ಹಾಳೆಗಳೆಲ್ಲ ಇಂಗ್ಲಿಷಿನವು. ನಾಲ್ಕು ಚಟುವಟಿಕೆಗಳನ್ನು ನಾನೇ ರಾತ್ರಿ ಕುಳಿತು ಕನ್ನಡಕ್ಕೆ ಮಾಡಿಕೊಂಡೆ. ಇಂಗ್ಲಿಷ್ ಓದಲು ಹಿಂಜರಿಯುವ ಸಹೋದ್ಯೋಗಿಗಳಿಗೆ ಇದು ದೊಡ್ಡ ತೊಡಕು.

ಕರೆಂಟಿರುವ ದಿನಗಳಿಗೆ ಬಾಂಬೆ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’. ಹತ್ತು ನಿಮಿಷದ ಆಸುಪಾಸಿನ ವಿಡಿಯೊ ಪಾಠಗಳು, ಕನ್ನಡದ ಧ್ವನಿ. ನಾನು ಬಳಸಿದ್ದು ‘ಲಿಬ್ರೆ ಆಫೀಸ್’ ಎಂಬ ಉಚಿತ ತಂತ್ರಾಂಶದ ಲೆಕ್ಕದ ಹಾಳೆ ‘ಕ್ಯಾಲ್ಕ್’ ಕುರಿತ ಸರಣಿ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ಕ್ಯಾಲ್ಕ್ ತೆರೆದುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗಬೇಕು. ಒಂದು ಯಂತ್ರಕ್ಕೆ ಮೂವರು ಕುಳಿತರೂ ನಡೆಯುತ್ತದೆ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ಮಲೆನಾಡಿನವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ದೀಕ್ಷಾ’ ತೆರೆಯಲು ನಾನು ಶಾಲೆಯ ಗೇಟಿನವರೆಗೆ ನಡೆಯಬೇಕು.

ಧ್ವನಿ ಶಾಂತವಾಗಿದೆ, ಅವಸರವಿಲ್ಲ. ನಾನು ಬಳಸಿದ ಪಾಠಗಳು ಲಿಬ್ರೆ ಆಫೀಸಿನ 3.3 ಆವೃತ್ತಿಯ ಕಾಲದವು, ಹೀಗಾಗಿ ಹೊಸ ಪರದೆಯಲ್ಲಿ ಕೆಲವು ಗುಂಡಿಗಳನ್ನು ಹುಡುಕಬೇಕಾಗುತ್ತದೆ. ಮೆನುಗಳ ಹೆಸರನ್ನು ಇಂಗ್ಲಿಷಿನಲ್ಲೇ ಹೇಳುವುದರಿಂದ, ಲಿಬ್ರೆ ಆಫೀಸನ್ನು ಕನ್ನಡದ ಮೆನುಗಳಿಗೆ ಬದಲಾಯಿಸಿಕೊಂಡರೆ ಮಕ್ಕಳಿಗೆ ಗೊಂದಲವಾಗುತ್ತದೆ. ನಾನು ಇಂಗ್ಲಿಷಿಗೇ ಮರಳಿದೆ.

ಸರಣಿಯ ಉದಾಹರಣೆ ಒಬ್ಬ ಸಂಬಳದಾರರ ತಿಂಗಳ ಖರ್ಚು: ಬಾಡಿಗೆ, ವಿದ್ಯುತ್ ಬಿಲ್, ಫೋನು, ಲಾಂಡ್ರಿ. ನಮ್ಮ ಮಕ್ಕಳ ಮನೆಯಲ್ಲಿ ಲಾಂಡ್ರಿಗೆ ಕೊಡುವವರು ಯಾರೂ ಇಲ್ಲ. ಸೂತ್ರ ಹಾಕುವ ಪಾಠ ಮುಗಿದ ಮೇಲೆ ನಾನು ಆ ಹಾಳೆ ಮುಚ್ಚಿಸಿ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ಲೆಕ್ಕ ತೆರೆಸಿದೆ. 50 ಕೆಜಿ ಚೆರಿ ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಬರುತ್ತದೆಯೋ ಅದು ಔಟ್‌ಟರ್ನ್. ವ್ಯಾಪಾರಿ ಕೊಡುವುದು ಪಾಯಿಂಟಿನ ಲೆಕ್ಕದಲ್ಲಿ, ಔಟ್‌ಟರ್ನಿನ ಒಂದು ಕೆಜಿಗೆ ಒಂದು ಪಾಯಿಂಟು. ಪಾಯಿಂಟಿಗೆ 300 ರೂಪಾಯಿ ಎಂದು ಇಟ್ಟುಕೊಂಡೆವು. 26ರ ಚೀಲಕ್ಕೆ 7,800, 28ರ ಚೀಲಕ್ಕೆ 8,400. ನಲವತ್ತು ಚೀಲಕ್ಕೆ ವ್ಯತ್ಯಾಸ 24,000. ತರಗತಿ ಒಂದು ಕ್ಷಣ ಸುಮ್ಮನಾಯಿತು. ಸಣ್ಣ ತೋಟದ ಮಕ್ಕಳು, ಕೂಲಿ ಲೈನಿನ ಮಕ್ಕಳು, ಎಲ್ಲರಿಗೂ ಚೀಲ ಗೊತ್ತು. ಸ್ಯಾಂಪಲ್ ತೂಗುವಾಗ ಒಂದೊಂದು ಪಾಯಿಂಟಿನ ಬೆಲೆ ಎಷ್ಟೆಂದು ಪರದೆಯ ಮೇಲೆ ನೋಡಿದ್ದು ಅದೇ ಮೊದಲು.

ದರವನ್ನು ಇ1 ಕೋಶದಲ್ಲಿಟ್ಟು ಸೂತ್ರವನ್ನು ಕೆಳಕ್ಕೆ ಎಳೆದಾಗ ಎರಡನೆಯ ಚೀಲಕ್ಕೆ ಸೊನ್ನೆ ಬಂತು. ಸೂತ್ರ ಇ2ಕ್ಕೆ ಜಾರಿತ್ತು, ಅಲ್ಲಿ ಏನೂ ಇರಲಿಲ್ಲ. ಡಾಲರ್ ಚಿಹ್ನೆ ಹಾಕಿ ಕೋಶವನ್ನು ಕಟ್ಟಿಹಾಕುವುದನ್ನು ಅಂದು ಕಲಿತವರು ಪರೀಕ್ಷೆಯಲ್ಲೂ ಮರೆಯಲಿಲ್ಲ. ತಮ್ಮ ಮನೆಯ ಸೊನ್ನೆ ಅದು.

ನಿಮ್ಮ ಶಾಲೆಯಲ್ಲೂ ಪ್ರಯತ್ನಿಸುವುದಾದರೆ, ಕ್ಯಾಲ್ಕ್ ಪಾಠಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. ಅರಸೀಕೆರೆಯವರಾದರೆ ಚೆರಿಯ ಜಾಗದಲ್ಲಿ ಕೊಬ್ಬರಿ, ಹಾಸನದವರಾದರೆ ಆಲೂಗಡ್ಡೆ ಇಡಿ. ಕಾರ್ಡುಗಳನ್ನು ಆರೇ ಮಾಡಿಕೊಳ್ಳಿ, ಬಿಂದಿಗಳು ಒಟ್ಟು 63 ಬೇಕಾಗುತ್ತವೆ. ನನ್ನ ನಾಲ್ಕು ಕನ್ನಡದ ಹಾಳೆಗಳನ್ನು ಕೇಳಿದವರಿಗೆಲ್ಲ ಕೊಡುತ್ತೇನೆ, ಐದನೆಯದನ್ನು ಬರೆಯುತ್ತಿದ್ದೇನೆ.